ಗುಡಿಯ ಗಂಟೆ ಮತ್ತು ನನ್ನ ಶಿಸ್ತು

ಶಿಸ್ತು ಇರುವಲ್ಲಿ ನಗೆಪಾಟಲಿಗೆ ಜಾಗವಿರುವುದಿಲ್ಲ ಎಂದು ನಂಬಿ ಬೆಳೆದವಳು ನಾನು. ಆದರೆ ಕಿತ್ತೂರು, ರಾಮದುರ್ಗ, ಈಗ ಸವದತ್ತಿ ಎಂದು ನೌಕರಿ ನನ್ನನ್ನು ತಿರುಗಿಸಿದ ತಾಲ್ಲೂಕುಗಳಲ್ಲೆಲ್ಲ, ನಾನು ಶಿಸ್ತು ತರಲು ಹೊರಟ ದಿನವೇ ಊರಿಗೆ ನಗಲು ಒಂದು ಕಾರಣ ಸಿಕ್ಕಿದೆ. ಒಂದೆರಡು ಸಲವಾಗಿದ್ದರೆ ಊರಿನ ತಪ್ಪು ಎನ್ನಬಹುದಿತ್ತು.

ನಾನು ಓದಿದ್ದು ಬೆಳಗಾವಿಯ ಕಾನ್ವೆಂಟಿನಲ್ಲಿ. ಯಾರೂ ಕೇಳದಿದ್ದರೂ ಇದನ್ನು ಹೇಳುವುದು ನನ್ನ ಅಭ್ಯಾಸ. ಅಲ್ಲಿ ಗಂಟೆ ಬಾರಿಸಿದ ಕ್ಷಣ, ಬರೆಯುತ್ತಿದ್ದ ಅಕ್ಷರವನ್ನು ಅರ್ಧಕ್ಕೇ ಬಿಟ್ಟು ನೆಟ್ಟಗೆ ಎದ್ದು ನಿಲ್ಲಬೇಕಿತ್ತು. ಸಿಸ್ಟರ್ ಕಲಿಸಿದ ಆ ಪಾಠ ನನ್ನ ಮೊಣಕಾಲಿನಲ್ಲಿ ಎಷ್ಟು ಭದ್ರವಾಗಿ ಕುಳಿತಿದೆಯೆಂದರೆ, ಇವತ್ತಿಗೂ ಓಣಿಯಲ್ಲಿ ಐಸ್‌ಕ್ಯಾಂಡಿಯವನ ಗಂಟೆ ಕೇಳಿದರೆ ಊಟದ ತಟ್ಟೆಯ ಮುಂದಿನಿಂದ ಎದ್ದು ನಿಲ್ಲುತ್ತೇನೆ. ಯಜಮಾನರು ತಲೆ ಎತ್ತದೆಯೇ "ಕುಂದರು, ಕ್ಯಾಂಡಿ ಅಂವಾ" ಎನ್ನುತ್ತಾರೆ.

೧. ಖೋಲಿಯ ಮಾತು

ಸವದತ್ತಿ ತಾಲ್ಲೂಕಿನ ಒಂದು ಹಳ್ಳಿಯ ಸರಕಾರಿ ಪ್ರೌಢಶಾಲೆಗೆ ನಾನು ಮುಖ್ಯೋಪಾಧ್ಯಾಯಿನಿ. ಹೋದ ಮಳೆಗಾಲದಲ್ಲಿ ಹತ್ತನೇ ತರಗತಿಯ ಕೋಣೆಯ ಛಾವಣಿ ಒಂದು ಮೂಲೆಯಲ್ಲಿ ಕುಸಿಯಿತು. ಅದೃಷ್ಟಕ್ಕೆ ರವಿವಾರ. ಇಂಜಿನಿಯರ್ ಬಂದು ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ "ಅಪಾಯ" ಎಂದು ಬರೆಸಿ, ಅಷ್ಟಕ್ಕೇ ಕೋಣೆ ರಿಪೇರಿಯಾಯಿತೆಂಬಂತೆ ಹೊರಟುಹೋದರು.

ತಾಲ್ಲೂಕು ಸಭೆಯಲ್ಲಿ ಶಿಕ್ಷಣಾಧಿಕಾರಿ ಸಾಹೇಬರ ಮುಂದೆ ನಿಂತು ಹೊಸ ಕೋಣೆ ಕೇಳಿದೆ.

"ಮೇಡಂ, ನಿಮ್ಮ ಸಾಲಿ ರಿಸಲ್ಟ್ ನೋಡೀರೇನು? ಮೊದಲ ರಿಸಲ್ಟ್ ತರ್ರಿ, ಆಮ್ಯಾಲ ಖೋಲಿ ಕೇಳ್ರಿ."

"ಸರ್, ಕೋಣೆ ಇದ್ದರೆ ತಾನೇ ಫಲಿತಾಂಶ?"

"ರಿಸಲ್ಟ್ ಇದ್ರ ತಾನ ಖೋಲಿ?"

ಸಭೆಯಲ್ಲಿ ಯಾರೋ ಕಿಸಕ್ಕೆಂದರು. ಕಾನ್ವೆಂಟಿನ ರಕ್ತ ಕುದಿಯಿತು. "ಈ ವರ್ಷ ನನ್ನ ಶಾಲೆಯಲ್ಲಿ ಒಬ್ಬರೇ ಒಬ್ಬರು ಫೇಲಾಗುವುದಿಲ್ಲ" ಎಂದು ಘೋಷಿಸಿ ಕುಳಿತೆ.

ಮಾತು ನನಗಿಂತ ಮೊದಲು ಬಸ್ಸು ಹತ್ತಿ ಊರು ತಲುಪಿತ್ತು. ಈ ಊರಲ್ಲಿ ಹುಟ್ಟಿ ಬೈಲಹೊಂಗಲದಲ್ಲಿ ದೊಡ್ಡ ವ್ಯಾಪಾರ ಮಾಡಿಕೊಂಡಿರುವ ಸಾವಕಾರರೊಬ್ಬರು ಅದನ್ನು ಕೇಳಿ, ಶಾಲೆಗೇ ಬಂದರು. "ದೊಡ್ಡಕ್ಕೋರ, ನಿಮ್ಮ ಮಾತು ಖರೇ ಆತಂದ್ರ ಎರಡು ಖೋಲಿ ನಾ ಕಟ್ಟಸ್ತೇನಿ. ಒಬ್ಬ ಹುಡುಗ ಫೇಲಾದ್ರೂ ಒಂದು ಇಟ್ಟಂಗಿ ಸೈತ ಇಲ್ಲ."

ಈ ಕಡೆ ಶಿಕ್ಷಕಿಯರನ್ನು ಅಕ್ಕೋರು ಅನ್ನುತ್ತಾರೆ, ಮುಖ್ಯೋಪಾಧ್ಯಾಯಿನಿ ದೊಡ್ಡಕ್ಕೋರು. "ಮೇಡಂ ಎನ್ನಿ" ಎಂದು ಎಷ್ಟೋ ಸಲ ತಿದ್ದಿದ್ದೇನೆ. ಈಗ "ಮೇಡಂ ದೊಡ್ಡಕ್ಕೋರ" ಎನ್ನುತ್ತಾರೆ.

೨. ಸರ್ವಾನುಮತ

ಅಲ್ಲಿಯವರೆಗೆ ಹತ್ತನೇ ತರಗತಿ ಎಲ್ಲಿ ಕೂರಬೇಕು? ಪಾಲಕರೇ ಸೇರಿರುವ ಶಾಲಾ ಸಮಿತಿಯ ಸಭೆ ಕರೆದೆ.

ಈ ಸಮಿತಿಯ ಸಭೆಗಳೆಂದರೆ ಎಲ್ಲರೂ ಒಟ್ಟಿಗೆ ಮಾತಾಡಿ, ಒಟ್ಟಿಗೆ ಚಹಾ ಕುಡಿದು, ಒಟ್ಟಿಗೆ ಎದ್ದು ಹೋಗುವುದು. ನಾನು ಆ ದಿನ ಹೊಸ ನಿಯಮ ತಂದೆ: "ಕೈ ಎತ್ತದೆ ಯಾರೂ ಮಾತಾಡಕೂಡದು. ನಾನು ಹೆಸರು ಹಿಡಿದು ಕರೆದ ಮೇಲೆಯೇ ಬಾಯಿ ತೆರೆಯಬೇಕು."

ಅಧ್ಯಕ್ಷರು ಎತ್ತುಗಳನ್ನು ಕಟ್ಟಿ ನೇರ ಹೊಲದಿಂದ ಬಂದಿದ್ದರು. ಅವರೂ ಹುಡುಗರ ಹಾಗೆ ತುಟಿ ಮುಚ್ಚಿ ಕುಳಿತರು. ನನ್ನ ಎದೆ ಉಬ್ಬಿತು. "ಹನುಮಪ್ಪನ ಗುಡಿಯ ಮಂಟಪ ಸ್ವಚ್ಛವಾಗಿದೆ, ಗಾಳಿ ಬೆಳಕು ಇದೆ. ತರಗತಿಯನ್ನು ಅಲ್ಲಿಗೆ ಒಯ್ಯೋಣ ಎನ್ನುತ್ತೇನೆ" ಎಂದೆ.

ಹೇಳಿ ಮುಗಿಸುವುದರೊಳಗೆ ಅಷ್ಟೂ ಕೈಗಳು ಮೇಲೆದ್ದವು. ಅಧ್ಯಕ್ಷರಂತೂ ಎರಡೂ ಕೈ ಎತ್ತಿದ್ದರು. ಅಂಥ ಒಗ್ಗಟ್ಟನ್ನು ನಾನು ಆ ಊರಲ್ಲಿ ಕಂಡಿರಲಿಲ್ಲ. "ಸರ್ವಾನುಮತದಿಂದ ಒಪ್ಪಲಾಯಿತು, ಧನ್ಯವಾದ" ಎಂದು ಸಭೆ ಮುಗಿಸಿದೆ.

ಹೊರಗೆ ಬಂದ ಮೇಲೆ ಅಧ್ಯಕ್ಷರು ಅಂಜುತ್ತ ಕೇಳಿದರು: "ಮೇಡಂ ದೊಡ್ಡಕ್ಕೋರ, ಈಗ ಮಾತಾಡಬಹುದೇನ್ರಿ?"

"ಹೇಳಿ."

"ಗುಡ್ಯಾಗ ದಿನಾ ಮಂದಿ ಬರತಾರ, ಗಂಟಿ ಬಾರಸ್ತಾರ. ಅಲ್ಲಿ ಸಾಲಿ ನಡ್ಯೂದುಲ್ಲ, ಬ್ಯಾಡ್ರಿ ಅಂತ ಹೇಳಾಕ ಕೈ ಎತ್ತಿದ್ವಿ."

"ಎಲ್ಲರೂ?"

"ಎಲ್ಲಾರೂ. ನೀವು ಯಾರ ಹೆಸರೂ ಕರೀಲಿಲ್ಲ."

೩. ಕಾಲುಚೀಲ

ಮಕ್ಕಳು ಹೊಳೆಯುವ ಕರಿ ಬೂಟು, ಬಿಳಿ ಕಾಲುಚೀಲ ಹಾಕಿಕೊಂಡು ಬರಬೇಕೆಂದು ಎರಡು ವರ್ಷದಿಂದ ಹೋರಾಡಿ ಗೆದ್ದಿದ್ದೆ. ಪ್ರತಿ ಸೋಮವಾರ ಸಾಲಾಗಿ ನಿಲ್ಲಿಸಿ ಬೂಟು ಬಿಚ್ಚಿಸಿ ಕಾಲುಚೀಲ ನೋಡುವವಳು ನಾನೇ. ತೂತಿದ್ದರೆ ಆ ಮಗು ಮನೆಗೆ ಹೋಗಿ ಹೊಲಿಸಿಕೊಂಡು ಬರಬೇಕು.

ಸರ್ವಾನುಮತವನ್ನು ಬದಲಿಸುವುದು ಶಿಸ್ತಲ್ಲವೆಂದು ತರಗತಿಯನ್ನು ಗುಡಿಗೇ ಒಯ್ದೆ. ಮೊದಲ ದಿನ ಮೆಟ್ಟಿಲ ಬಳಿ ಪೂಜಾರಿ ತಡೆದರು. "ಬೂಟು ಹೊರಗ ಬಿಡ್ರಿ ಅಕ್ಕೋರ."

ಮಕ್ಕಳೆಲ್ಲ ಬಿಚ್ಚಿದರು. ನಾನೂ ಬಿಚ್ಚಿದೆ. ಸೀರೆಯ ಕೆಳಗೆ ಬೂಟು, ಕಾಲುಚೀಲ ಹಾಕುವ ಪದ್ಧತಿಯನ್ನು ನಾನು ಕಾನ್ವೆಂಟಿನಿಂದ ಈವರೆಗೆ ಬಿಟ್ಟಿಲ್ಲ. ಅಂದು ನನ್ನ ಬಲಗಾಲಿನ ಹೆಬ್ಬೆರಳು ಚೀಲದಿಂದ ಪೂರ್ತಿ ಹೊರಗೆ ಬಂದು ಇಡೀ ಹತ್ತನೇ ತರಗತಿಯನ್ನು ನೋಡುತ್ತಿತ್ತು.

ಯಾರೂ ನಗಲಿಲ್ಲ. ಮುಂದಿನ ಸಾಲಿನ ಹುಡುಗಿ ಮಾತ್ರ ಬಹಳ ಮರ್ಯಾದೆಯಿಂದ ಕೈ ಎತ್ತಿದಳು. ಹೆಸರು ಹಿಡಿದು ಕರೆದೆ.

"ಮೇಡಂ, ನಿಮ್ಮ ಮನಿ ಬೈಲಹೊಂಗಲದಾಗ ಐತ್ರಿ. ಹೋಗಿ ಹೊಲಸ್ಕೊಂಡು ಬರೂತನ ಸಂಜಿ ಆಗತೈತಿ."

೪. ಗಂಟೆ

ಅಧ್ಯಕ್ಷರು ಸಭೆಯಲ್ಲಿ ಹೇಳಲಾಗದೆ ಹೋದ ಮಾತು ಮೊದಲ ದಿನವೇ ನಿಜವಾಯಿತು. ಗಣಿತ ಶುರುವಾಗಿ ಸ್ವಲ್ಪ ಹೊತ್ತಾಗಿತ್ತು. ಯಾರೋ ಭಕ್ತರು ಬಂದು ಗಂಟೆ ಬಾರಿಸಿದರು. ಮಕ್ಕಳು ಪುಸ್ತಕ ಮುಚ್ಚಿದರು. ವಿಜ್ಞಾನ ತೆಗೆದರು. ಇನ್ನೊಬ್ಬರು ಬಂದು ಬಾರಿಸಿದರು. ಇಂಗ್ಲಿಷ್ ತೆಗೆದರು. ಮೂರನೆಯವರು ಗಂಡುಮಗು ಹುಟ್ಟಿದ ಖುಷಿಯಲ್ಲಿದ್ದರು. ಜೋರಾಗಿ ಬಹಳ ಹೊತ್ತು ಬಾರಿಸಿದರು. ಮಕ್ಕಳು ಚೀಲ ಹೆಗಲಿಗೇರಿಸಿ ಮನೆಗೆ ಹೋದರು.

ಪೂಜಾರಿಗೆ ಗಂಟೆಗೆ ಬಟ್ಟೆ ಕಟ್ಟಿರಿ ಎಂದೆ. "ಹನುಮಪ್ಪಗ ಕೇಳಸೂದು ಹೆಂಗ್ರಿ?" ಎಂದರು.

ಹಾಗಾಗಿ ಮಕ್ಕಳನ್ನೇ ತಿದ್ದಿದೆ. "ಇನ್ನು ಮುಂದೆ ಯಾವ ಗಂಟೆ ಬಾರಿಸಿದರೂ ತಲೆ ಎತ್ತಕೂಡದು. ನಾನು ಎರಡು ಸಲ ಚಪ್ಪಾಳೆ ತಟ್ಟಿದರೆ ಬರೆಯಲು ಶುರು. ಮತ್ತೆ ಎರಡು ತಟ್ಟಿದರೆ ನಿಲ್ಲಿಸಬೇಕು. ಅರ್ಥವಾಯಿತೇ?"

ಎಷ್ಟು ಚೆನ್ನಾಗಿ ಅರ್ಥವಾಯಿತೆಂದರೆ, ಶ್ರಾವಣದ ಶನಿವಾರದ ಗದ್ದಲದಲ್ಲೂ ಒಂದು ತಲೆ ಮೇಲೇಳಲಿಲ್ಲ. ಗಂಟೆ ಬಾರಿಸಿದಾಗೆಲ್ಲ ಕುರ್ಚಿಯಿಂದ ಏಳುತ್ತಿದ್ದವಳು ನಾನೊಬ್ಬಳೇ. ದೇವರಿಗೆ ಇಷ್ಟು ಸಲ ಎದ್ದು ನಿಲ್ಲುವ ಅಕ್ಕೋರನ್ನು ನೋಡಿಲ್ಲವೆಂದು ಊರಲ್ಲಿ ನನ್ನ ಭಕ್ತಿಗೆ ಹೆಸರಾಯಿತು.

೫. ಬೆಳಗಿನ ಫೋನು

ಪರೀಕ್ಷೆ ಹತ್ತಿರವಾದಾಗ ಮಕ್ಕಳನ್ನು ಬೆಳಗಿನ ಜಾವ ಫೋನು ಮಾಡಿ ಎಬ್ಬಿಸಬೇಕೆಂದು ಮೇಲಿನಿಂದ ಸೂಚನೆ ಬಂತು. ಎಲ್ಲರೂ ಎಬ್ಬಿಸುತ್ತಾರೆ, ಎದ್ದಿದ್ದಾರೆಂದು ಖಾತ್ರಿ ಏನು? ನಾನು ಫೋನಿನಲ್ಲೇ ಒಂದು ಪ್ರಶ್ನೆ ಕೇಳಿ, ಉತ್ತರ ಬಂದ ಮೇಲೆಯೇ ಇಡುತ್ತಿದ್ದೆ.

ವಿಜ್ಞಾನದಲ್ಲಿ ತೀರ ಹಿಂದುಳಿದ ಒಬ್ಬ ಹುಡುಗಿ ಇದ್ದಳು. ಸಾವಕಾರರ ಖೋಲಿ ನಿಂತರೆ ಅವಳ ಮೇಲೆಯೇ ನಿಲ್ಲಬೇಕಿತ್ತು, ಬಿದ್ದರೂ ಅವಳಿಂದಲೇ. ಆಶ್ಚರ್ಯವೆಂದರೆ ಫೋನಿನಲ್ಲಿ ಅವಳು ದಿನದಿನಕ್ಕೂ ಮುಂದೆ ಬರುತ್ತಿದ್ದಳು. ದನಿ ಸ್ವಲ್ಪ ಒಡೆದಿತ್ತು; ಬೆಳಗಿನ ಥಂಡಿ ಎಂದುಕೊಂಡೆ. ದ್ಯುತಿಸಂಶ್ಲೇಷಣೆ ಕೇಳಿದರೆ ತಡವರಿಸದೆ ಹೇಳುತ್ತಿದ್ದಳು. ತರಗತಿಯಲ್ಲಿ ಎಲ್ಲರ ಮುಂದೆ ಹೊಗಳಿ, ಅದೇ ಪ್ರಶ್ನೆ ಕೇಳಿದೆ. ಹುಡುಗಿ ಹನುಮಪ್ಪನ ಕಡೆ ನೋಡಿದಳು. ಹನುಮಪ್ಪನೂ ಏನೂ ಹೇಳಲಿಲ್ಲ.

ಸಂಜೆ ಅವರ ಮನೆಗೆ ಹೋದೆ. ಅಜ್ಜಿ ಎಮ್ಮೆಯ ಮುಂದೆ ಮೇವು ಹಾಕುತ್ತಿದ್ದರು. ನನ್ನನ್ನು ಕಂಡು ತಾವೇ ಒಪ್ಪಿಕೊಂಡರು.

"ಸಿಟ್ಟ ಆಗಬ್ಯಾಡ್ರಿ ಅಕ್ಕೋರ. ಕೂಸು ಮಲಗಿರತೈತಿ, ಎಬ್ಬಸಾಕ ಕರಳು ಚುರ್ ಅಂತೈತಿ. ಹಾಲು ಹಿಂಡಾಕ ನಾ ಹೆಂಗೂ ಎದ್ದಿರತೇನಿ. ರಾತ್ರಿ ಆಕಿ ಒದರೂದು ಕೇಳಿ ಕೇಳಿ ನನಗ ಬಾಯಿಪಾಠ ಆಗೈತಿ."

"ಅಜ್ಜಿ, ಪರೀಕ್ಷೆ ಬರೆಯುವವಳು ಅವಳು!"

"ಅದೂ ಖರೇನ. ಅಂದಂಗ, ನಿನ್ನಿ ಹೇಳಿದ್ದು ಬರೋಬ್ಬರಿ ಇತ್ತಿಲ್ರಿ?"

ಬರೋಬ್ಬರಿ ಇತ್ತು. ಆ ವರ್ಷ ವಿಜ್ಞಾನದಲ್ಲಿ ನಾನು ತಯಾರು ಮಾಡಿದ ಅತ್ಯುತ್ತಮ ವಿದ್ಯಾರ್ಥಿನಿಗೆ ಬಾಯಲ್ಲಿ ಒಂದೂ ಹಲ್ಲಿರಲಿಲ್ಲ.

ಮರುದಿನದಿಂದ ಆಜ್ಞೆ ಬದಲಿಸಿದೆ: ಫೋನಿನಲ್ಲಿ ನಾನು ಕೇಳುವುದು ಅಜ್ಜಿಯನ್ನು, ಅಜ್ಜಿ ಕೇಳುವುದು ಮೊಮ್ಮಗಳನ್ನು. ಅಜ್ಜಿ ನನಗಿಂತ ಬಿಗಿ. ತಪ್ಪು ಹೇಳಿದರೆ ಹಾಲು ಕೊಡುತ್ತಿರಲಿಲ್ಲವಂತೆ.

೬. ಪರದೆಯ ಮೇಲೆ

ಈಗ ಪರೀಕ್ಷಾ ಕೋಣೆಗಳಲ್ಲಿ ಕ್ಯಾಮೆರಾ ಇರುತ್ತದೆ. ಅದನ್ನು ಕಚೇರಿಯಲ್ಲಿ ಕುಳಿತು ನೋಡುವ ಕೆಲಸಕ್ಕೆ ಕೆಲವರನ್ನು ಹಾಕುತ್ತಾರೆ. ನನ್ನನ್ನು ಬೆಳಗಾವಿಗೆ ಹಾಕಿದರು. ನನಗೆ ಸಿಕ್ಕಿದ್ದು ರಾಮದುರ್ಗದ ಕಡೆಯ ಒಂದು ಕೇಂದ್ರ. ಪಕ್ಕದ ಮಾಸ್ತರರ ಪರದೆಯಲ್ಲಿ ನನ್ನ ಮಕ್ಕಳು ಬರೆಯುವ ಸವದತ್ತಿಯ ಕೇಂದ್ರ. ಆ ಕಡೆ ಕಣ್ಣು ಹಾಯಿಸುವುದು ಶಿಸ್ತಲ್ಲವೆಂದು ಕತ್ತು ಬಿಗಿ ಹಿಡಿದು ಕುಳಿತೆ.

ಪ್ರಶ್ನೆಪತ್ರಿಕೆ ಓದುವ ಸಮಯ ಮುಗಿಯಿತು. ಬರೆಯಲು ಗಂಟೆಯಾಯಿತು. ಸ್ವಲ್ಪ ಹೊತ್ತಿಗೆ ಮಾಸ್ತರರು, "ಮೇಡಂ, ಇಲ್ಲಿ ನೋಡ್ರಿ. ಈ ಖೋಲ್ಯಾಗ ಹುಡುಗೂರು ಧರಣಿ ಕುಂತಂಗ ಕಾಣತೈತಿ" ಎಂದರು.

ನೋಡಿದೆ. ನನ್ನ ಹತ್ತನೇ ತರಗತಿ. ಎಲ್ಲರೂ ಕೈ ಕಟ್ಟಿ, ಬೆನ್ನು ನೆಟ್ಟಗೆ ಮಾಡಿ, ಮುಂದೆ ನೋಡುತ್ತ ಕುಳಿತಿದ್ದಾರೆ. ಕೋಣೆಯ ಮೇಲ್ವಿಚಾರಕರು ದಿಗಿಲಿನಿಂದ ಅತ್ತಿತ್ತ ತಿರುಗುತ್ತಿದ್ದಾರೆ. ಕ್ಯಾಮೆರಾದ ಕೆಳಗೆ ಬಾಯಿ ತೆರೆದರೆ ಉತ್ತರ ಹೇಳಿಕೊಟ್ಟರೆಂದು ನೋಟಿಸು ಬರುವ ಭಯ.

ಎರಡು ಖೋಲಿ, ಸಭೆಯಲ್ಲಿ ಆಡಿದ ಮಾತು, ಅಜ್ಜಿಯ ಹಾಲು, ಎಲ್ಲ ಆ ಪರದೆಯ ಮೇಲೆ ಕೈ ಕಟ್ಟಿ ಕುಳಿತಿದ್ದವು. ಓಡಿಹೋಗಿ ಆ ಕಚೇರಿಯ ಸಾಹೇಬರ ಮುಂದೆ ನಿಂತೆ.

"ಸರ್, ಅವರು ಚಪ್ಪಾಳೆಗೆ ಕಾಯುತ್ತಿದ್ದಾರೆ."

"ಪರೀಕ್ಷಾ ಬರ್ಯಾಕ ಚಪ್ಪಾಳಿ ಬೇಕೇನ್ರಿ ಅವರಿಗೆ? ಇನ್ನೂ ಏನೂ ಬರದಿಲ್ಲಲ್ಲ!"

ವಿವರಿಸಿದೆ. ಸಾಹೇಬರು ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ ಕೇಂದ್ರಕ್ಕೆ ಫೋನು ಮಾಡಿದರು. ಪರದೆಯಲ್ಲಿ ಬಾಗಿಲು ತೆರೆಯಿತು. ದಪ್ಪ ಮೀಸೆಯ ಮುಖ್ಯ ಅಧೀಕ್ಷಕರು ಒಳಗೆ ಬಂದು, ಕ್ಯಾಮೆರಾಕ್ಕೆ ಮುಖ ಮರೆಮಾಡಿಕೊಂಡು, ಮದುವೆ ಮನೆಯ ಹೊಸ ಅಳಿಯನಂತೆ ನಾಚುತ್ತ ಎರಡು ಸಲ ಚಪ್ಪಾಳೆ ತಟ್ಟಿದರು. ಅಷ್ಟೂ ತಲೆಗಳು ಒಮ್ಮೆಲೇ ಬಾಗಿದವು.

ಉಳಿದ ಪರೀಕ್ಷೆಗಳಿಗೆ ಮೊದಲು ಮಕ್ಕಳಿಗೆ ತಿಳಿಹೇಳಿದೆ: ಊರಲ್ಲಿ ಚಪ್ಪಾಳೆಯೇ ಗಂಟೆ, ಸವದತ್ತಿಯಲ್ಲಿ ಗಂಟೆಯೇ ಗಂಟೆ. ಆದರೂ ಆ ಅಧೀಕ್ಷಕರು ಕೊನೆಯ ದಿನದವರೆಗೂ ಬಂದು ತಟ್ಟಿಯೇ ಹೋದರಂತೆ. ಯಾಕೆ ಸುಮ್ಮನೆ ಗಂಡಾಂತರ ಎಂದು.

೭. ಮೂರನೆಯ ಖೋಲಿ

ಫಲಿತಾಂಶ ಬಂತು. ಒಬ್ಬರೂ ಫೇಲಾಗಿರಲಿಲ್ಲ. ಎಲ್ಲರಿಗಿಂತ ಮೊದಲು ಫೋನು ಮಾಡಿದ್ದು ಅಜ್ಜಿ: "ಅಕ್ಕೋರ, ನಾವು ಪಾಸ್ ಆದಿವ್ರಿ!"

ಸಾವಕಾರರು ಮಾತಿಗೆ ತಪ್ಪಲಿಲ್ಲ. ಅಡಿಗಲ್ಲಿನ ದಿನ ಶಾಲೆಯ ಅಂಗಳದಲ್ಲಿ ಪೆಂಡಾಲು. ಪಾಸಾದ ಹತ್ತನೇ ತರಗತಿಯ ಮಕ್ಕಳು ಸಾಲಾಗಿ ನೆಲದ ಮೇಲೆ, ನಾನು ವೇದಿಕೆಯ ಮೇಲೆ, ಹೊಸ ಕಾಲುಚೀಲದಲ್ಲಿ. ಸಾವಕಾರರು ಭಾಷಣಕ್ಕೆ ನಿಂತರು. ತಾವು ಹುಟ್ಟಿದ್ದು ಹೇಳಿದರು, ಸಾಲಿ ತಪ್ಪಿಸಿ ಕಾಲುವೆಯಲ್ಲಿ ಈಜಿದ್ದು ಹೇಳಿದರು, ವ್ಯಾಪಾರ ಹಿಡಿದದ್ದು ಹೇಳಿದರು. ಬಿಸಿಲು ನೆತ್ತಿಗೆ ಬಂತು. ಅತ್ತ ಅನ್ನ ಆರಿ ಗಟ್ಟಿಯಾಗುತ್ತಿತ್ತು. ಭಾಷಣ ಇನ್ನೂ ಬೈಲಹೊಂಗಲದ ವ್ಯಾಪಾರಕ್ಕೆ ಬಂದಿರಲಿಲ್ಲ.

ಅಧ್ಯಕ್ಷರು ನನ್ನ ಕಿವಿಯ ಹತ್ತಿರ ಬಗ್ಗಿದರು. "ದೊಡ್ಡಕ್ಕೋರ, ಊಟದ ಗಂಟಿ ಬಾರಸಿದ್ರ ಹುಡುಗೂರು ಏಳತಾವು. ಸಾವಕಾರರಿಗೂ ತಿಳೀತೈತಿ. ಕೈ ಎತ್ತಿ ಹೇಳೂದೋ, ಹಂಗ ಬಾರಸೂದೋ?"

"ಬಾರಿಸಿ" ಎಂದೆ.

ಜವಾನ ಗಂಟೆ ಬಾರಿಸಿದ. ಭರ್ಜರಿಯಾಗಿಯೇ ಬಾರಿಸಿದ. ಸಾವಕಾರರು ಮಾತು ನಿಲ್ಲಿಸಿ ಅಂಗಳದ ಕಡೆ ನೋಡಿದರು. ಒಂದು ಮಗು ಕದಲಲಿಲ್ಲ. ಎಲ್ಲರೂ ಕೈ ಕಟ್ಟಿ, ಬೆನ್ನು ನೆಟ್ಟಗೆ ಮಾಡಿ, ಚಪ್ಪಾಳೆಗೆ ಕಾಯುತ್ತ ಕುಳಿತಿದ್ದರು.

ಸಾವಕಾರರ ಕಣ್ಣು ತುಂಬಿ ಬಂತು. ಮೈಕು ಗಟ್ಟಿಯಾಗಿ ಹಿಡಿದುಕೊಂಡರು.

"ನೋಡ್ರೆಪಾ ನೋಡ್ರಿ! ಊಟದ ಗಂಟಿ ಆತು. ಹೊಟ್ಟಿ ಹಸದಾವ. ಒಂದು ಕೂಸರೆ ಎದ್ದಿತೇನು? ಇದಕ್ಕ ಅಂತಾರ ಶಿಸ್ತು! ಎರಡಲ್ಲ, ಮೂರು ಖೋಲಿ ಕಟ್ಟಸ್ತೇನಿ!"

ಪೆಂಡಾಲು ಹಾರಿಹೋಗುವಂತೆ ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಕೇಳಿದ ಮಕ್ಕಳು ಒಮ್ಮೆಲೇ ಎದ್ದು ಊಟಕ್ಕೆ ಓಡಿದರು. ಸಾವಕಾರರು ಆ ಕಡೆ ನೋಡಲಿಲ್ಲ. ಅವರು ನನ್ನನ್ನೇ ನೋಡುತ್ತಿದ್ದರು. ಯಾಕೆಂದು ಆಗ ತಿಳಿಯಿತು: ಗಂಟೆ ಬಾರಿಸಿದಾಗಿನಿಂದ ಇಡೀ ವೇದಿಕೆಯ ಮೇಲೆ ಅವರನ್ನು ಬಿಟ್ಟರೆ ನಾನೊಬ್ಬಳೇ ಎದ್ದು ನಿಂತಿದ್ದೆ.

"ಕುಂದರ್ರಿ ದೊಡ್ಡಕ್ಕೋರ," ಎಂದರು ಮೈಕಿನಲ್ಲೇ. "ನಿಮಗ ಹಸಿವಿ ಆಗಿರಬೇಕು, ಖರೇ. ಆದ್ರ ಆ ಕೂಸುಗಳನ್ನ ನೋಡಿ ಸ್ವಲ್ಪ ಶಿಸ್ತು ಕಲೀರಿ."