ಜಾಂಗಿರಿಗೆ ಸೀರೆ ಉಡಿಸುವುದನ್ನು ನಿಯಂತ್ರಿಸುವ ಕುರಿತು

ಸಂಖ್ಯೆ: ಸಿ.ಮೇ/ಹಾಸು-ಹೊಕ್ಕು/ಜಾಂ-17/2024
(ಇಲಾಖೆಯ ಹೆಸರು ಇನ್ನೂ ಇತ್ಯರ್ಥವಾಗಿಲ್ಲ. ನಾಮಫಲಕಕ್ಕೆ ಮೊಳೆ ಮಾತ್ರ ಹೊಡೆಯಲಾಗಿದೆ.)

ಶಿಬಿರ: ಕಡಯಂಪಟ್ಟಿ, ಕಲ್ಯಾಣ ಮಂಟಪ, ಕೈತೊಳೆಯುವ ನಲ್ಲಿಯ ಎದುರು

ವಿಷಯ: ಮದುವೆಯ ರಿಸೆಪ್ಷನ್ನಿನಲ್ಲಿ ಇಡಲಾಗುವ ಸಿಹಿ ಮೇಜಿನ ಹಾಸುಬಟ್ಟೆ, ಸಿಹಿಗಳ ನಡುವಿನ ಅಂತರ, ಪಾಕದ ಹರಿವು ಹಾಗೂ ಮದುಮಗಳ ತಂದೆ ನಿಲ್ಲತಕ್ಕ ಜಾಗ - ಸೂಚನೆಗಳು.

ಉಲ್ಲೇಖ:
1. ಅಲಂಕಾರದ ಗುತ್ತಿಗೆದಾರ ಸೆಲ್ವಕುಮಾರ್ ಅವರ ಮೌಖಿಕ ದೂರು, ಸಂಜೆ ಐದೂಕಾಲು.
2. ಬಾಯಲ್ಲಿ ಮೈಸೂರುಪಾಕು ಇಟ್ಟುಕೊಂಡು ಅವರೇ ಸದರಿ ದೂರನ್ನು ಹಿಂಪಡೆದದ್ದು, ಸಂಜೆ ಐದೂವರೆ.
3. ಅಂಕಮ್ಮ ಅವರ ಹೇಳಿಕೆ. ಇದಕ್ಕೆ ಸಾಕ್ಷಿಗಳ ಪಟ್ಟಿ ಲಗತ್ತಿಸಿಲ್ಲ, ಮಂಟಪದಲ್ಲಿದ್ದ ಎಲ್ಲರಿಗೂ ಕೇಳಿಸಿದೆ.

ಪ್ರಸ್ತಾವನೆ:

ಸೇಲಂ ಪಟ್ಟಣದ ನೇಕಾರ ಚಿನ್ನಪ್ಪ ಎಂಬುವವರು ಮೂವತ್ತನಾಲ್ಕು ವರ್ಷಗಳಿಂದ ಬಿಳಿ ರೇಷ್ಮೆ ವೇಷ್ಟಿಯನ್ನು, ಅಂದರೆ ಪಂಚೆಯನ್ನು ಮಾತ್ರ ನೇಯುತ್ತ ಬಂದಿರುತ್ತಾರೆ. ಕಂಡವರ ಮನೆಯ ಎಷ್ಟೋ ಮದುಮಗಂದಿರು ಇವರ ಕೈಯ ಬಟ್ಟೆ ಉಟ್ಟು ತಾಳಿ ಕಟ್ಟಿದ್ದಾರೆ, ಯಾರೂ ನೇಯ್ದವರ ಹೆಸರು ಕೇಳಿದ್ದಿಲ್ಲ. ಮಗಳು ಭುವನಾಳ ಮದುವೆ ಗೊತ್ತಾದ ಮೇಲೆ ಇವರು ಮನೆಯಲ್ಲಿ ಸುಮ್ಮನಿದ್ದ ಎರಡನೇ ಮಗ್ಗಕ್ಕೆ ಅರಗಿನ ಬಣ್ಣದ ಹಾಸು ಏರಿಸಿ, ಜೀವಮಾನದಲ್ಲಿ ಮೊದಲ ಸಲ ಬಣ್ಣದ ಸೀರೆಯೊಂದನ್ನು ನೇಯ್ದಿರುತ್ತಾರೆ. ಅದರ ಹೊಕ್ಕಿನ ನೂಲನ್ನು ಕಂಡಿಕೆಗೆ ಸುತ್ತಿಕೊಟ್ಟವಳು ಭುವನಾಳೇ. "ಯಾರ್ದಪ್ಪಾ ಇದು?" ಎಂದು ಅವಳು ಕೇಳಿದ್ದಕ್ಕೆ "ಆರ್ಡರು" ಎಂದು ಮಾತ್ರ ಉತ್ತರಿಸಲಾಗಿದೆ.

ಈ ನಡುವೆ ಮದುಮಗಳ ಸಿಂಗಾರದವರು ಒಂದು ಪಟ್ಟಿ ಕಳಿಸಿದರು. ನಿಶ್ಚಿತಾರ್ಥದ ಸೀರೆ ಗಂಡಿನ ಕಡೆಯದು. ಅರಿಶಿನ ಹಚ್ಚುವ ನಲುಗಿನ ಸೀರೆ ಸೋದರಮಾವನದು. ರಿಸೆಪ್ಷನ್ನಿಗೆ ಬಾಡಿಗೆಯ ಲೆಹಂಗಾ. ಮುಹೂರ್ತದ ಸೀರೆ ಪದ್ಧತಿಯ ಪ್ರಕಾರ ಮತ್ತೆ ಗಂಡಿನ ಕಡೆಯದೇ; ಅವರು ಧರ್ಮಪುರಿಯಲ್ಲಿ ಜವುಳಿ ಅಂಗಡಿ ಇಟ್ಟವರಾದ್ದರಿಂದ ಅದರ ಜರಿ ಅಂಚು ಒಂದು ಗೇಣು ಅಗಲ ಇತ್ತು. ಚಿನ್ನಪ್ಪನವರ ಸೀರೆಯ ಅಂಚು ಎರಡೇ ಬೆರಳು. ವೇಷ್ಟಿಯ ಅಂಚಿಗೆ ಒಗ್ಗಿದ ಕೈ ಎರಡು ಬೆರಳಾದ ಕೂಡಲೇ ತಾನಾಗಿ ನಿಂತುಬಿಟ್ಟಿದ್ದು, ಸೀರೆ ಮಗ್ಗದಿಂದ ಇಳಿದ ಮೇಲಷ್ಟೇ ಅವರ ಗಮನಕ್ಕೆ ಬಂದಿರುತ್ತದೆ. ಪಟ್ಟಿಯನ್ನು ಎರಡು ಸಲ ಓದಿದರೂ ತಂದೆಗೆ ಕಾಲಂ ಕಂಡುಬಾರದ ಕಾರಣ ಅವರು ಸೀರೆಯನ್ನು ಮಡಿಸಿ ಮಂಜಪೈ ಎಂಬ ಹಳದಿ ಕೈಚೀಲದೊಳಗೆ ಇಟ್ಟರು.

ರಿಸೆಪ್ಷನ್ನಿನ ಸಿಹಿ ಮೇಜಿನ ಉಸ್ತುವಾರಿ ಮಾತ್ರ ಅವರ ಪಾಲಿಗೆ ಬಂದಿತ್ತು. ಅಂದು ಸಂಜೆ, ಸೆಲ್ವಕುಮಾರ್ ತಂದ ಬಿಳಿ ಸ್ಯಾಟಿನ್ ಬಟ್ಟೆಯನ್ನು ಬದಿಗಿಟ್ಟು, ಸಾಲಾಗಿ ಜೋಡಿಸಿದ ಮೂರು ಮೇಜುಗಳ ಮೇಲೆ ಸದರಿ ಸೀರೆಯನ್ನು ಹಾಸಲಾಯಿತು. ಇಲ್ಲಾದರೂ ಒಂದು ಸಲ ಅವಳ ಕಣ್ಣಿಗೆ ಬೀಳಲಿ ಎಂಬುದೇ ಉದ್ದೇಶವಾಗಿತ್ತು. ಇದನ್ನು ಚಿನ್ನಪ್ಪನವರು ಬಾಯಿಬಿಟ್ಟು ಹೇಳಿಲ್ಲ, ಆದರೂ ಇಲಾಖೆಗೆ ಮನವರಿಕೆಯಾಗಿದೆ.

ಮುಂದೆ ನಡೆದುದನ್ನು ಕೂಲಂಕಷವಾಗಿ ಪರಿಶೀಲಿಸಿ, ಸೇಲಂ ಮತ್ತು ಧರ್ಮಪುರಿ ಜಿಲ್ಲೆಗಳ ಎಲ್ಲ ಮದುವೆಮನೆಗಳಿಗೆ ಈ ಮೂಲಕ ಕೆಳಕಂಡಂತೆ ಸೂಚಿಸಲಾಗಿದೆ:

1. ವ್ಯಾಖ್ಯೆ. "ಸಿಹಿ ಮೇಜು" ಎಂದರೆ ನೋಡುವುದಕ್ಕಾಗಿ ಇಟ್ಟು, ತಿನ್ನುವಾಗ ಬೇಸರ ಪಟ್ಟುಕೊಳ್ಳುವ ಮೇಜು. ಬಾಳೆಲೆಯ ತುದಿಗೆ ಬಡಿಸುವ ಸಿಹಿ ಇದರಡಿ ಬರುವುದಿಲ್ಲ. ಕರವಸ್ತ್ರದಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿದ ಸಿಹಿಯು ಬಸ್ಸು ಹೊರಡುವವರೆಗೆ ಮಾತ್ರ ಇದರಡಿ ಬರುತ್ತದೆ.

2. ಹಾಸುಬಟ್ಟೆ. ಒಂದು ದಿನಕ್ಕಿಂತ ಹೆಚ್ಚು ಕಾಲ ಹಿಡಿದು ತಯಾರಾದ ಯಾವುದೇ ಬಟ್ಟೆಯನ್ನು ಸಿಹಿ ಮೇಜಿಗೆ ಹಾಸತಕ್ಕದ್ದಲ್ಲ. ಹಾಸಲೇಬೇಕೆಂದಿದ್ದಲ್ಲಿ ಅದು ಯಾರಿಗಾಗಿ ನೇಯ್ದದ್ದು ಎಂಬುದನ್ನು ನಮೂನೆ-1ರಲ್ಲಿ ಭರ್ತಿ ಮಾಡಿ, ಸಂಬಂಧಪಟ್ಟವರಿಗೆ ಮೊದಲೇ ತಿಳಿಸತಕ್ಕದ್ದು. "ಆರ್ಡರು" ಎಂಬ ಉತ್ತರವನ್ನು ನಮೂನೆಯಲ್ಲಿ ಪರಿಗಣಿಸಲಾಗುವುದಿಲ್ಲ.

3. ಅಂತರ. ನೇಕಾರರನ್ನು ಸಿಹಿ ಜೋಡಿಸುವ ಕೆಲಸಕ್ಕೆ ನೇಮಿಸುವಾಗ ಎಚ್ಚರ ವಹಿಸತಕ್ಕದ್ದು. ಪ್ರಸ್ತುತ ಪ್ರಕರಣದಲ್ಲಿ ಚಿನ್ನಪ್ಪನವರು ಮೈಸೂರುಪಾಕನ್ನು ಒಡಲಿನ ಬುಟ್ಟಾ ಎಂದು ಭಾವಿಸಿ, ನಾಲ್ಕು ಬೆರಳಿಗೊಂದರಂತೆ, ಒಂದೊಂದರ ಅಡಿಗೂ ಬಾಳೆಲೆಯ ಚೂರು ಕೊಟ್ಟು ಇಟ್ಟರು. ಸೆರಗಿನ ಭಾಗಕ್ಕೆ ಜಾಂಗಿರಿ, ಅದರ ಅಡಿಗೆ ಎರಡು ಚೂರು. ಅಂಚಿನ ಮೇಲೆ ಏನನ್ನೂ ಇಡಲಿಲ್ಲ. ಅತಿಥಿಯೊಬ್ಬರು ಒಂದು ತುಂಡು ಎತ್ತಿದ ಕೂಡಲೇ, ಎಳೆ ತುಂಡಾದ ಕಡೆ ಗಂಟು ಹಾಕುವ ಅಭ್ಯಾಸಬಲದಿಂದ, ಹಿಂದಿನ ತಟ್ಟೆಯಿಂದ ಇನ್ನೊಂದು ತುಂಡನ್ನು ಅದೇ ಜಾಗಕ್ಕೆ ಇಡುತ್ತಾ ಬಂದರು. ಇದರಿಂದ ಒಂದೂವರೆ ಗಂಟೆ ಕಾಲ ಮೇಜು ಒಂದಿಷ್ಟೂ ಖಾಲಿಯಾಗಲಿಲ್ಲ. ಕಡಯಂಪಟ್ಟಿಯ ಮದುವೆಯಲ್ಲಿ ಎಷ್ಟು ತಿಂದರೂ ಮುಗಿಯದ ಮೇಜೊಂದಿದೆ ಎಂಬ ಸುದ್ದಿ ಹಬ್ಬಿ, ಪಕ್ಕದ ಬೀದಿಯವರೂ ಬಂದು ಸಾಲಿನಲ್ಲಿ ನಿಂತಿದ್ದು ವರದಿಯಾಗಿದೆ. ಇನ್ನು ಮುಂದೆ ಸಿಹಿ ಖಾಲಿಯಾಗಲು ಬಿಡತಕ್ಕದ್ದು.

4. ಪಾಕದ ವರ್ಗೀಕರಣ. ಸಿಹಿಗಳನ್ನು (ಅ) ಒಣ, (ಆ) ಅಂಟುವ, (ಇ) ತೊಟ್ಟಿಕ್ಕುವ ಎಂದು ಮೂರು ವರ್ಗಗಳಾಗಿ ವಿಂಗಡಿಸಲಾಗಿದೆ. ಮೈಸೂರುಪಾಕು ಬೆಳಿಗ್ಗೆ (ಅ) ವರ್ಗದಲ್ಲಿದ್ದು ಮಧ್ಯಾಹ್ನದ ಸೆಕೆಗೆ (ಆ) ವರ್ಗಕ್ಕೆ ಬಡ್ತಿ ಪಡೆಯುತ್ತದೆ. ಜಾಂಗಿರಿ ಹುಟ್ಟಿನಿಂದಲೇ (ಇ). ಜಾಮೂನಿನ ಛಾಯಾಚಿತ್ರವನ್ನು ಮಾತ್ರ ಮೇಜಿನ ಮೇಲೆ ಇಡಬಹುದು, ಜಾಮೂನು ಬೇಕಾದವರು ಛಾಯಾಚಿತ್ರ ತೋರಿಸಿ ಒಳಗೆ ಪಡೆಯತಕ್ಕದ್ದು.

5. ಸಕ್ಕರೆ ಕಾಯಿಲೆ. "ಒಂದೇ ಒಂದು" ಎಂದು ಹೇಳಿ ತೆಗೆದುಕೊಳ್ಳುವವರಿಗೆ ಸದರಿ ಒಂದು ಮೂರನ್ನು ಮೀರದಂತೆ ಅನುಮತಿ ನೀಡಲಾಗಿದೆ. ಹೆಂಡತಿ ನೋಡುತ್ತಿರುವಾಗ ತಿಂದದ್ದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಲಾಗುವುದು.

6. ಡ್ರೋನ್. ಸಿಹಿ ಮೇಜಿನ ಮೇಲೆ ಆಳೆತ್ತರಕ್ಕಿಂತ ಕೆಳಗೆ ಡ್ರೋನ್ ಹಾರಿಸತಕ್ಕದ್ದಲ್ಲ. ಅಂದು ಅದರ ಗಾಳಿಗೆ ಕಾಜೂ ಕತ್ಲಿಯ ಬೆಳ್ಳಿ ರೇಕುಗಳು ಎದ್ದು ಹೋಗಿ ಗಂಡಿನ ದೊಡ್ಡಪ್ಪನವರ ಬೋಳುತಲೆಗೆ ಅಂಟಿಕೊಂಡವು. ಅವರನ್ನು ಸಿಹಿ ಎಂದು ಪರಿಗಣಿಸಬೇಕೇ ಎಂಬ ಪ್ರಶ್ನೆ ಪರಿಶೀಲನೆಯಲ್ಲಿದೆ. ಅದೇ ಗಾಳಿಗೆ, ಅತಿಥಿಗಳು ಸಿಹಿ ಎತ್ತಿದ ಕಡೆಯ ಬಾಳೆಲೆಯ ಚೂರುಗಳೂ ಹಾರಿಹೋಗಿ ಬಟ್ಟೆಗೆ ಕಾವಲಿಲ್ಲದಂತಾಯಿತು. ಚಿನ್ನಪ್ಪನವರು ಹೊಸ ಎಲೆ ತರಲು ಅಡುಗೆಮನೆಗೆ ಓಡಿದರು.

7. ಮೇಜಿಗೂ ವೇದಿಕೆಗೂ ನಡುವಿನ ದೂರ. ಇದು ಇಪ್ಪತ್ತು ಹೆಜ್ಜೆ ಮೀರತಕ್ಕದ್ದಲ್ಲ. ಅಂದು ನಲವತ್ತು ಹೆಜ್ಜೆ ಇತ್ತು. ಮದುಮಗಳು ಆರೂವರೆಗೆ ವೇದಿಕೆ ಹತ್ತಿದವಳು ಇಳಿಯಲಿಲ್ಲ. ಉಡುಗೊರೆ ಹಿಡಿದವರ ಸಾಲು ಕರಗಲೂ ಇಲ್ಲ. ಚಿನ್ನಪ್ಪನವರು ಒಂದು ಕಣ್ಣು ಬುಟ್ಟಾದ ಮೇಲೆ, ಇನ್ನೊಂದು ಕಣ್ಣು ವೇದಿಕೆಯ ಮೇಲೆ ಇಟ್ಟು ನಿಂತಿದ್ದರು. ಮಗಳು ಎರಡು ಸಲ ಈ ಕಡೆ ತಿರುಗಿದ್ದುಂಟು. ಎರಡೂ ಸಲ ಫೋಟೋದವರು ಅವಳ ಗದ್ದ ಹಿಡಿದು ಆ ಕಡೆ ತಿರುಗಿಸಿದರು. ಇದನ್ನು ನೋಡಿ ಇಲಾಖೆಗೆ ಸಿಟ್ಟು ಬಂದಿರುತ್ತದೆ. ಇನ್ನು ಮುಂದೆ ಮದುಮಗಳ ಗದ್ದವು ಮದುಮಗಳ ಸುಪರ್ದಿನಲ್ಲೇ ಇರತಕ್ಕದ್ದು.

8. ಸೋದರತ್ತೆಯರು. ಮದುಮಗಳ ಸೋದರತ್ತೆಯನ್ನು ಸಿಹಿ ಮೇಜಿನ ಬಳಿ ಒಬ್ಬರೇ ಬಿಡತಕ್ಕದ್ದಲ್ಲ. ಚಿನ್ನಪ್ಪನವರು ಎಲೆ ತರಲು ಹೋದ ಸಮಯದಲ್ಲಿ ಅವರ ಅಕ್ಕ ಅಂಕಮ್ಮ ಮೇಜಿಗೆ ಬಂದರು. ಇವರಿಗೆ ಕಣ್ಣು ಮಂಜು. ಜಾಂಗಿರಿಗೆಂದು ಚಾಚಿದ ಕೈ ಬಟ್ಟೆಯ ಅಂಚಿಗೆ ತಗುಲಿತು. ನಲವತ್ತು ವರ್ಷ ವೇಷ್ಟಿಗೆ ನೂಲು ಸುತ್ತಿದ ಬೆರಳುಗಳು ಆ ಎರಡು ಬೆರಳಗಲದ ಅಂಚಿನ ಗುಂಟ ಮೇಜಿನ ಈ ತುದಿಯಿಂದ ಆ ತುದಿಯವರೆಗೆ ನಡೆದುಹೋದವು. ಎಲೆ ಹಿಡಿದು ವಾಪಸು ಬಂದ ತಮ್ಮನನ್ನು ಕಂಡು ಅವರು ನೀಡಿದ ಹೇಳಿಕೆ ಯಥಾವತ್ತಾಗಿ ಹೀಗಿದೆ:

"ಲೇ ಚಿನ್ನಪ್ಪ, ಇದು ನಮ್ಮನೆ ಅಂಚು ಕಣ್ಲಾ. ಮಗ್ಳಿಗ್ ನೇಯ್ದ ಸೀರೇನ ಜಾಂಗಿರಿಗ್ ಉಡ್ಸಿಬುಟ್ಟಿದೀಯಲ್ಲಾ!"

ಅಂಕಮ್ಮನವರಿಗೆ ಕಿವಿಯೂ ಮಂದವಾದ್ದರಿಂದ ಹೇಳಿಕೆಯು ಅವರಿಗೇ ಕೇಳಿಸುವಷ್ಟು ಜೋರಾಗಿತ್ತು. ನಾದಸ್ವರದವರು ಊದುವುದನ್ನು ನಿಲ್ಲಿಸಿದರು. ಹೇಳಿಕೆ ನೀಡುವಾಗ ಅವರ ಕೈಯಲ್ಲಿದ್ದ ಜಾಂಗಿರಿಯಿಂದ ಅಂಚಿನ ಮೇಲೆ ಪಾಕ ಬಿದ್ದಿತು. ಕಲೆಯ ಅಳತೆ: ಒಂದು ಹುಣಸೆಬೀಜ.

9. ಮದುಮಗಳು ವೇದಿಕೆ ಇಳಿಯುವ ವಿಧಾನ. ಇದಕ್ಕೆ ಇದುವರೆಗೆ ನಿಯಮವಿರಲಿಲ್ಲ. ಅಂದು ಭುವನಾ ಲೆಹಂಗಾವನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು, ಉಡುಗೊರೆಯ ಸಾಲನ್ನು ಸೀಳಿಕೊಂಡು ನೇರವಾಗಿ ಬಂದಳು. ಮೇಜಿನ ಮುಂದೆ ನಿಂತು ಒಂದೊಂದೇ ಮೈಸೂರುಪಾಕನ್ನು ಎತ್ತಿ ತಟ್ಟೆಗೆ ಹಾಕತೊಡಗಿದಳು. ಆ ಹೊತ್ತಿನಲ್ಲಿ ಚಿನ್ನಪ್ಪನವರು ಖಾಲಿ ಜಾಗಕ್ಕೆ ಇನ್ನೊಂದನ್ನು ಇಡಲಿಲ್ಲ. ಬಟ್ಟೆ ಅರ್ಧ ತೆರವಾದಾಗ ಅವಳು, "ಇದ್ಕೆ ಕಂಡಿಕೆ ಸುತ್ತಿದ್ದು ನಾನೇ ಅಲ್ವಾಪ್ಪಾ? ಇಲ್ಯಾಕೈತೆ ಇದು?" ಎಂದು ವಿಚಾರಿಸಿದಳು.

ಚಿನ್ನಪ್ಪನವರ ಉತ್ತರ: "ಟೇಬಲ್ಲು ಸುಮ್ಮಾ ಬೆಳ್ಳಗಿತ್ತು ಕಣಮ್ಮಾ."

ಮೂವತ್ತನಾಲ್ಕು ವರ್ಷ ಬಿಳಿಯನ್ನೇ ನೇಯ್ದವರಿಂದ ಬಂದ ಈ ವಿವರಣೆ ಸಮಾಧಾನಕರವಾಗಿಲ್ಲವೆಂದು ಇಲಾಖೆ ಅಭಿಪ್ರಾಯಪಟ್ಟಿದೆ. ಮಗಳೂ ಅದನ್ನು ಒಪ್ಪಲಿಲ್ಲ. "ಅಂಚು ಚಿಕ್ಕದಾಗೋಯ್ತು. ನೀನು ಉಟ್ಟರೆ ನಾಲ್ಕು ಜನ ಏನಂತಾರೋ ಅಂತ" ಎಂಬ ಪೂರಕ ಹೇಳಿಕೆಯನ್ನು ತಂದೆಯವರು ನೆಲ ನೋಡುತ್ತಾ ಸಲ್ಲಿಸಿದರು. ಭುವನಾ ಉಳಿದ ಸಿಹಿಯನ್ನೂ ತಟ್ಟೆಗೆ ಹಾಕಿ, ಸೀರೆಯನ್ನು ಮೇಜಿನಿಂದ ತೆಗೆದು, ಮಡಿಸಿ, ಕಂಕುಳಲ್ಲಿ ಇಟ್ಟುಕೊಂಡು ವೇದಿಕೆಗೆ ಮರಳಿದಳು. ಉಳಿದ ಫೋಟೋಗಳಲ್ಲೆಲ್ಲ ಅವಳ ಕಂಕುಳಲ್ಲಿ ಅರಗು ಬಣ್ಣದ ಗಂಟೊಂದು ಕಾಣುತ್ತದೆ. ಅದನ್ನು ಅಳಿಸಿಕೊಡುವುದಾಗಿ ಫೋಟೋದವರು ಮುಂದೆ ಬಂದಿದ್ದನ್ನು ಮದುಮಗಳು ತಿರಸ್ಕರಿಸಿದ್ದಾಳೆ.

10. ಸುತ್ತೋಲೆಯ ಭಾಷೆ. ಈ ಪ್ರದೇಶದ ಕನ್ನಡಿಗರು ಕನ್ನಡ ಮಾತಾಡಿ, ತಮಿಳು ಓದಿ, ಇಂಗ್ಲಿಷಿನಲ್ಲಿ ಸಹಿ ಹಾಕುವವರಾದ್ದರಿಂದ, ಇದನ್ನು ಓದಬಲ್ಲವರು ಸಿಕ್ಕಲ್ಲಿ ಅವರನ್ನು ಕೂರಿಸಿ, ಕಾಫಿ ಕೊಟ್ಟು, ಜೋರಾಗಿ ಓದಿಸತಕ್ಕದ್ದು. ಸಿಗದಿದ್ದಲ್ಲಿ ಒಂದು ಪ್ರತಿಯನ್ನು ಮೊರಪ್ಪೂರಿಗೆ ಹೋಗುವ ಯಾರ ಕೈಗಾದರೂ ಕೊಡುವುದು, ದಾರಿಯಲ್ಲಿ ಹೇಗೂ ವಿಷಯ ಎಲ್ಲರಿಗೂ ತಿಳಿಯುತ್ತದೆ.

11. ಕಲೆ. ಮರುದಿನ ಬೆಳಿಗ್ಗೆ ಮುಹೂರ್ತವು ಗಂಡಿನ ಕಡೆಯ ಗೇಣಗಲದ ಅಂಚಿನ ಸೀರೆಯಲ್ಲೇ, ಪದ್ಧತಿಗೆ ಲೋಪವಾಗದಂತೆ ನೆರವೇರಿತು. ಆದರೆ ಮದುಮಗಳು ಗಂಡನ ಮನೆಗೆ ಹೊರಡುವಾಗ ಏನು ಉಡಬೇಕೆಂಬುದು ಸಿಂಗಾರದವರ ಪಟ್ಟಿಯಲ್ಲಿ ಇರಲಿಲ್ಲ. ಪಟ್ಟಿ ಬಂದು ಇಪ್ಪತ್ತು ದಿನವಾಗಿದ್ದರೂ ಅದರಲ್ಲಿದ್ದ ಆ ಒಂದೇ ತೆರಪು ಚಿನ್ನಪ್ಪನವರ ಕಣ್ಣಿಗೆ ಬಿದ್ದಿರಲಿಲ್ಲ. ಭುವನಾ ಅಪ್ಪನ ಸೀರೆ ಉಟ್ಟು, ಹುಣಸೆಬೀಜದಷ್ಟು ಕಲೆ ಹೊರಗೆ ಕಾಣುವಂತೆ ಸೆರಗು ಹೊದ್ದು ಬಂದಳು. ಅವಳ ಅತ್ತೆ ಮುನಿಲಕ್ಷ್ಮಿ, ಜವುಳಿ ಅಂಗಡಿಯ ಗಲ್ಲಾದಲ್ಲಿ ಕೂತು ಪಳಗಿದವರು, ಸೆರಗನ್ನು ಎರಡು ಬೆರಳಲ್ಲಿ ಹಿಡಿದು ಒಮ್ಮೆ ಉಜ್ಜಿ ನೋಡಿ, "ಯಾರು ನೇಯ್ದಿದ್ದು ಇದು?" ಎಂದು ಕೇಳಿದರು.

ಮೂವತ್ತನಾಲ್ಕು ವರ್ಷದಲ್ಲಿ ಯಾರೂ ಕೇಳದಿದ್ದ ಪ್ರಶ್ನೆ ಇದಾಗಿದ್ದು, ಉತ್ತರಿಸಬೇಕಾದವರು ಆ ಹೊತ್ತಿನಲ್ಲಿ ಕೈತೊಳೆಯುವ ನಲ್ಲಿಯ ಹತ್ತಿರ ಗೋಡೆಯ ಕಡೆ ತಿರುಗಿ, ತೊಳೆದ ಮುಖವನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದರು. ಆದ್ದರಿಂದ ಉತ್ತರವನ್ನು ಮದುಮಗಳೇ ಕೊಟ್ಟಳು. ಪಾಕದ ವಾಸನೆ ಹಿಡಿದು ಎರಡು ಇರುವೆಗಳು ಕಾರಿನವರೆಗೆ ಜೊತೆಗೆ ಹೋಗಿದ್ದು, ಅವನ್ನು ತವರಿನ ಕಡೆಯವರೆಂದು ಪರಿಗಣಿಸಲಾಗಿದೆ.

ಆದುದರಿಂದ ಸದರಿ ಕಲೆಯನ್ನು ಸೀಗೆಯಿಂದಾಗಲಿ, ಸೋಪಿನಿಂದಾಗಲಿ, ಅಂಗಡಿಯವರ ಯಾವುದೇ ಪುಡಿಯಿಂದಾಗಲಿ ತೆಗೆಸತಕ್ಕದ್ದಲ್ಲ ಎಂದು ಈ ಮೂಲಕ ಕಟ್ಟುನಿಟ್ಟಾಗಿ ಆದೇಶಿಸಲಾಗಿದೆ.

ಸಹಿ/-
(ಜಾಂಗಿರಿಯ ಬೆರಳಚ್ಚು ಬಿದ್ದು ಹೆಸರು ಕಾಣುತ್ತಿಲ್ಲ)
ಪ್ರಭಾರ ಅಧಿಕಾರಿ, ಸಿಹಿ ಮೇಜು ವಿಭಾಗ

ಪ್ರತಿಗಳು:
1. ಸೆಲ್ವಕುಮಾರ್, ಅಲಂಕಾರ ಗುತ್ತಿಗೆದಾರರು - ಸ್ಯಾಟಿನ್ ಬಟ್ಟೆ ಮಂಟಪದ ಕಿಟಕಿಯಲ್ಲೇ ಇದೆ, ಬಂದು ಒಯ್ಯುವುದು.
2. ಮದುಮಗಳ ಸಿಂಗಾರದವರು - ಪಟ್ಟಿಗೆ ಒಂದು ಕಾಲಂ ಸೇರಿಸಿ ವರದಿ ಸಲ್ಲಿಸುವುದು.
3. ಗಂಡಿನ ದೊಡ್ಡಪ್ಪನವರು - ಬೆಳ್ಳಿ ರೇಕನ್ನು ಹಿಂದಿರುಗಿಸುವ ಅಗತ್ಯವಿಲ್ಲ.
4. ಅಂಕಮ್ಮ ಅವರು - ಹತ್ತಿರ ಹೋಗಿ ಓದಿ ಹೇಳುವುದು. ದೂರದಿಂದ ಹೇಳಿದರೆ ಉತ್ತರ ಜಿಲ್ಲೆಗೆಲ್ಲ ಕೇಳಿಸುತ್ತದೆ.
5. ಕಚೇರಿ ಪ್ರತಿ - ಇರುವೆ ಬಂದಿದೆ.
6. ಚಿನ್ನಪ್ಪ ಅವರು, ನೇಕಾರರು - ಇವರಿಗೆ ಕನ್ನಡ ಓದಲು ಬಾರದು. ಓದಿ ಹೇಳುವವರು ಹನ್ನೊಂದನೇ ಕಲಮಿಗೆ ಬಂದಾಗ ಮುನಿಲಕ್ಷ್ಮಿಯವರ ಪ್ರಶ್ನೆಯ ಬಳಿ ಸ್ವಲ್ಪ ನಿಲ್ಲಿಸುವುದು. ಈ ಸಲ ಅವರೇ ಉತ್ತರ ಹೇಳಲಿ.