ರವಿಚಂದ್ರನ ಕಾರು ತಪಾಸಣೆ

ಸೆಕೆಂಡ್ ಹ್ಯಾಂಡ್ ಕಾರಿನ ವಿಷಯದಲ್ಲಿ ಕುಂಬಾರಕೊಪ್ಪಲಿನ ರವಿಚಂದ್ರನಿಗೆ ಈ ಭೂಮಂಡಲದಲ್ಲಿ ಯಾರೂ ಮೋಸ ಮಾಡುವಂತಿರಲಿಲ್ಲ. ಹಾಗೆಂದು ತೀರ್ಮಾನಿಸಿದವನು ಸ್ವತಃ ರವಿಚಂದ್ರನೇ.

ಇದಕ್ಕೆಲ್ಲ ಮೂಲ ಅವನ ಭಾಮೈದ ದಿಲೀಪ್. ಹೋದ ವರ್ಷ ದಿಲೀಪ್ ಒಂದು ಹಳೆ ಕಾರು ಕೊಂಡು, ಹೂವಿನ ಹಾರ ಹಾಕಿ, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ, ಚಾಮುಂಡಿ ಬೆಟ್ಟಕ್ಕೆ ಹೊರಟ. ಹೊರಟವನು ಅರ್ಧ ಬೆಟ್ಟದಿಂದ ಇನ್ನೊಂದು ಗಾಡಿಗೆ ಹಗ್ಗ ಕಟ್ಟಿಸಿಕೊಂಡು ಇಳಿದು ಬಂದ. ಮೆಕ್ಯಾನಿಕ್ ಸೀಟು ಬಿಚ್ಚಿದರೆ ಒಳಗೆ ಸೇರುಗಟ್ಟಲೆ ಒಣಗಿದ ಕೆಸರು. ಯಾವುದೋ ಊರಿನ ನೆರೆಯಲ್ಲಿ ಮೂರು ದಿನ ಮುಳುಗಿದ್ದ ಕಾರಂತೆ. ಅಂದೇ ರವಿಚಂದ್ರ ವ್ರತ ಹಿಡಿದ: ತಾನೂ ಕಾರು ಕೊಳ್ಳಬೇಕು, ಆದರೆ ಮೋಸ ಹೋಗಬಾರದು. (ಈ ಎರಡರಲ್ಲಿ ಎರಡನೆಯದೇ ಅವನಿಗೆ ಹೆಚ್ಚು ಪ್ರಿಯ ಎಂಬುದು ಹೆಂಡತಿ ಕುಸುಮಳ ಅನುಮಾನ.)

ವ್ರತದ ಅಂಗವಾಗಿ ನೂರಾರು ವಿಡಿಯೋ ನೋಡಿದ. ಅವನ ಜೆರಾಕ್ಸ್ ಅಂಗಡಿಗೆ ರೇಷನ್ ಕಾರ್ಡ್ ಹಿಡಿದು ಬಂದ ಗಿರಾಕಿಗಳು ಕಾರು ಶಾಸ್ತ್ರ ಕೇಳಿಕೊಂಡೇ ಹೋಗಬೇಕಾಯಿತು. ಮೀಟರ್ ಹಿಂದಕ್ಕೆ ತಿರುಗಿಸಿದ್ದರೆ ಪೆಡಲಿನ ರಬ್ಬರ್ ಸವೆದದ್ದು ನೋಡಿ ಹಿಡಿಯಬೇಕು. ಗುದ್ದಿದ ಜಾಗಕ್ಕೆ ಪುಟ್ಟಿ ತುಂಬಿ ಬಣ್ಣ ಬಳಿದಿದ್ದರೆ ಅಲ್ಲಿ ಅಯಸ್ಕಾಂತ ಅಂಟುವುದಿಲ್ಲ. ಸೀಟ್ ಬೆಲ್ಟನ್ನು ಪೂರ್ತಿ ಎಳೆದರೆ ನೆರೆಯ ಕೆಸರು ತುದಿಯಲ್ಲಿ ಸಿಕ್ಕಿಬೀಳುತ್ತದೆ.

ಮೊದಲ ದಿಗ್ವಿಜಯ ಫೋನಿನಲ್ಲೇ ಆಯಿತು. ಜಾಹೀರಾತು ಹಾಕಿದ್ದವನು ತಾನು ಮಿಲಿಟರಿ ಅಧಿಕಾರಿಯೆಂದೂ, ವರ್ಗವಾಗಿದೆಯೆಂದೂ, ಅಡ್ವಾನ್ಸ್ ಕಳಿಸಿದರೆ ಕಾರು ಮನೆ ಬಾಗಿಲಿಗೇ ಬರುತ್ತದೆಂದೂ ಹೇಳಿದ. ರವಿಚಂದ್ರನಿಗೆ ಮೈ ಜುಮ್ಮೆಂದಿತು. ವಿಡಿಯೋದಲ್ಲಿ ಕೇಳಿದ ಮಾತೇ, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಹದಿನೈದು ನಿಮಿಷ ಅಡ್ಡಪ್ರಶ್ನೆ ಹಾಕಿದ. ಕೊನೆಗೆ ಮೋಸಗಾರನೇ ಬೇಸತ್ತು ಇವನ ನಂಬರನ್ನು ಬ್ಲಾಕ್ ಮಾಡಿದ. ಆ ಸಂತೋಷಕ್ಕೆ ಒಬ್ಬಟ್ಟು ಮಾಡೆಂದು ಕುಸುಮಳಿಗೆ ಹೇಳಿದ. ಅವಳು ಉಪ್ಪಿಟ್ಟು ಮಾಡಿದಳು.

ಎರಡನೆಯದು ರಿಂಗ್ ರೋಡ್ ಪಕ್ಕದಲ್ಲಿ, ಬ್ರೋಕರ್ ಕಾಳಯ್ಯನ ಶೆಡ್ಡಿನಲ್ಲಿ. ಡಾಕ್ಟರೊಬ್ಬರು ಮನೆಗೂ ಕ್ಲಿನಿಕ್ಕಿಗೂ ಮಾತ್ರ ಓಡಿಸಿದ ಗಾಡಿ ಎಂದ ಕಾಳಯ್ಯ. ಮೀಟರೂ ಅವನ ಮಾತನ್ನೇ ಹೇಳುತ್ತಿತ್ತು. ರವಿಚಂದ್ರ ಬಗ್ಗಿ ನೋಡಿದರೆ ಬ್ರೇಕ್ ಪೆಡಲಿನ ರಬ್ಬರ್ ಸವೆದು ಕಬ್ಬಿಣ ಕಾಣುತ್ತಿತ್ತು.

"ಡಾಕ್ಟರ ಕ್ಲಿನಿಕ್ ಮುಂಬೈಲಿತ್ತಾ?" ಎಂದು ಕೇಳಿದ.

ಕಾಳಯ್ಯ ಮುಚ್ಚುಮರೆಯಿಲ್ಲದೆ ನಕ್ಕು ಟೀ ತರಿಸಿದ. "ನಿಮ್ಮಂತೋರು ವಾರಕ್ಕೊಬ್ರು ಬಂದ್ಬುಟ್ರೆ ನಾವು ಅಂಗ್ಡಿ ಮುಚ್ಬೇಕಾಯ್ತದೆ ಕಣ್ರೀ."

ಈ ಪ್ರಶಸ್ತಿಪತ್ರವನ್ನು ಎದೆಯಲ್ಲಿಟ್ಟುಕೊಂಡು ರವಿಚಂದ್ರ ಮುಂದಿನ ಭಾನುವಾರ ಕುಸುಮಳೊಡನೆ ಅಗ್ರಹಾರಕ್ಕೆ ಹೋದ. ಅಲ್ಲಿ ನಿವೃತ್ತ ಹೆಡ್‌ಮಿಸ್ ಪ್ರೇಮಮ್ಮನವರು ಕಣ್ಣಿನ ಆಪರೇಷನ್ ಆದಮೇಲೆ ಓಡಿಸುವುದು ಬೇಡವೆಂದು ತಮ್ಮ ಬೂದು ಬಣ್ಣದ ಪುಟ್ಟ ಕಾರನ್ನು ಮಾರಲು ಹೊರಟಿದ್ದರು.

ತಪಾಸಣೆ ಒಂದು ಗಂಟೆ ನಡೆಯಿತು. ಅಯಸ್ಕಾಂತ ಇಟ್ಟ ಕಡೆಯೆಲ್ಲ ಅಂಟಿತು. ಬೆಲ್ಟುಗಳು ತುದಿಯವರೆಗೂ ಶುಭ್ರ. ರವಿಚಂದ್ರ ಮ್ಯಾಟ್ ಎತ್ತಿ ಮೂಗಿಟ್ಟು ಮೂಸಿದ. ಕಾರಿನ ಕೆಳಗೆ ಅಂಗಾತ ತೆವಳಿದ. ಚಾಸಿ ನಂಬರಿಗೆ ಟಾರ್ಚ್ ಬಿಟ್ಟು ನಾಲ್ಕು ಫೋಟೋ ತೆಗೆದ. ಎಲ್ಲೂ ದೋಷವಿಲ್ಲ. ಅವನಿಗೆ ನಿರಾಸೆಯೇ ಆಯಿತು.

"ಇಷ್ಟು ಚೆನ್ನಾಗಿದೆ ಅಂದ್ರೆ ಏನೋ ಕಾರಣ ಇರ್ಬೇಕು ಕಣೇ," ಎಂದು ಪಿಸುಗುಟ್ಟಿದ.

"ಚೆನ್ನಾಗಿ ಇಟ್ಕೊಂಡಿದಾರೆ, ಅದೇ ಕಾರಣ. ಎದ್ದೇಳಿ, ಶರ್ಟೆಲ್ಲ ಗ್ರೀಸಾಗಿದೆ," ಎಂದಳು ಕುಸುಮ.

ಪ್ರೇಮಮ್ಮನವರು ಜಗಲಿಯ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದರು. ಓಡಿಸಿ ನೋಡೋಣವೆಂದು ರವಿಚಂದ್ರ ಕೀ ಕೇಳಿದಾಗ ಮಾತ್ರ ಅದನ್ನು ಮುಷ್ಟಿಯಲ್ಲಿ ಬಿಗಿದರು. ಇವನಂತೆ ಅವರೂ ವಿಡಿಯೋ ನೋಡಿದ್ದರು, ಆದರೆ ಅವರು ನೋಡಿದ್ದು ಮಾರುವವರಿಗಾಗಿ ಮಾಡಿದ್ದು. ಓಡಿಸಿ ನೋಡುತ್ತೇನೆಂದು ಹೋಗಿ ಮಾಯವಾಗುವವರು, ಕಾರು ಒಯ್ದು ಹೆಸರು ಬದಲಿಸದೆ ದಂಡವನ್ನೆಲ್ಲ ಹಳೆ ಮಾಲೀಕರ ತಲೆಗೆ ಕಟ್ಟುವವರು, ಅಂಥವರ ಲಕ್ಷಣಗಳೆಲ್ಲ ಅವರಿಗೆ ಕಂಠಪಾಠ. ಕಾರಿನ ಕೆಳಗೆ ನುಗ್ಗಿ ನಂಬರಿನ ಫೋಟೋ ತೆಗೆಯುವುದು ಅದರಲ್ಲಿ ಮೂರನೆಯ ಲಕ್ಷಣವಾಗಿತ್ತು.

ಅವರು ಆಧಾರ್ ಕೇಳಿದರು. ಗುರುತಿಲ್ಲದವರಿಗೆ ಆಧಾರ್ ತೋರಿಸಬಾರದೆಂದು ರವಿಚಂದ್ರ ರೂಢಿಯಿಂದ ಉಪದೇಶ ಮಾಡಿಬಿಟ್ಟ. ಪ್ರೇಮಮ್ಮನವರ ಹುಬ್ಬು ಮೇಲೇರಿತು. ತನಗೆ ಕುಂಬಾರಕೊಪ್ಪಲಿನಲ್ಲಿ ಅಂಗಡಿಯಿದೆಯೆಂದ. ವಿಡಿಯೋದಲ್ಲಿದ್ದವನಿಗೂ ಅಂಗಡಿಯಿತ್ತು ಎಂದರು. ಕೊನೆಗೆ ಅವನು ಡ್ರೈವಿಂಗ್ ಲೈಸೆನ್ಸ್ ತೆಗೆದು, ಬ್ರಹ್ಮಾಸ್ತ್ರ ಹೂಡುವವನಂತೆ ಮುಂದೆ ಹಿಡಿದ.

ಪ್ರೇಮಮ್ಮನವರು ಅದನ್ನು ಬೆಳಕಿಗೆ ಹಿಡಿದು ಓದಿದರು.

"ಇದರ ಅವಧಿ ಮುಗಿದು ನಾಲ್ಕು ವರ್ಷ ಆಗಿದೆಯಲ್ಲಪ್ಪ. ಚಾಸಿ ನಂಬರು ಅಷ್ಟು ಚೆನ್ನಾಗಿ ಓದಿದ್ರಿ, ಇದನ್ನ ಓದಿರಲಿಲ್ವಾ?"

ರವಿಚಂದ್ರ ಕಾರ್ಡನ್ನು ಹಿಂದೆಮುಂದೆ ತಿರುಗಿಸಿದ. ಯಾವ ಕಡೆ ತಿರುಗಿಸಿದರೂ ತಾರೀಖು ಅದೇ. ಊರವರ ಕಾಗದಪತ್ರಗಳೆಲ್ಲ ಅವನ ಕೈಮೇಲೆ ಹಾದುಹೋಗಿದ್ದವು, ತನ್ನದೊಂದನ್ನು ಬಿಟ್ಟು.

ಆಗ ಕುಸುಮ ವ್ಯಾನಿಟಿ ಬ್ಯಾಗಿನಿಂದ ತನ್ನ ಲೈಸೆನ್ಸನ್ನೂ ಆಧಾರನ್ನೂ ತೆಗೆದುಕೊಟ್ಟಳು. ಎರಡು ವರ್ಷದ ಹಿಂದೆ ಅತ್ತಿಗೆಯ ಜೊತೆ ಡ್ರೈವಿಂಗ್ ಸ್ಕೂಲಿಗೆ ಹೋಗಿ ಕಲಿತಿದ್ದಳು. ಪ್ರೇಮಮ್ಮನವರು ಎರಡನ್ನೂ ಓದಿ, ಅವಳ ಮುಖವನ್ನೂ ಒಮ್ಮೆ ಓದಿ, ಕೀ ಕೊಟ್ಟರು. ಷರತ್ತು ಒಂದೇ: ಕಾರು ವಾಪಸು ಬರುವವರೆಗೆ ಗಂಡ ಜಗಲಿ ಬಿಟ್ಟು ಏಳಬಾರದು.

ಆ ಇಕ್ಕಟ್ಟಾದ ಬೀದಿಯಲ್ಲಿ ಕುಸುಮ ಹಿಮ್ಮುಖವಾಗಿ ಕಾರು ತೆಗೆದದ್ದನ್ನು ಒತ್ತೆಯಾಳು ರವಿಚಂದ್ರ ಬಾಯಿ ತೆರೆದು ನೋಡಿದ. ಇಪ್ಪತ್ತು ನಿಮಿಷದಲ್ಲಿ ಅವಳು ವಾಪಸಾದಾಗ ಮುಖವೆಲ್ಲ ಹಿಗ್ಗಿತ್ತು.

"ಬೆಣ್ಣೆ ಥರ ಓಡುತ್ತೆ ಕಣ್ರೀ. ಎಡಗಡೆ ಕಿಟಕಿ ಗ್ಲಾಸ್ ಏರೋದು ಮಾತ್ರ ನಿಧಾನ."

ಆ ದೋಷ ತನ್ನ ಕಣ್ಣಿಗೆ ಹೇಗೆ ಬೀಳಲಿಲ್ಲವೆಂದು ರವಿಚಂದ್ರ ಕಂಗಾಲಾದ. ನಿನಗೆ ಹೇಗೆ ಗೊತ್ತಾಯಿತೆಂದು ಕೇಳಿದ.

"ನೀವು ಕೆಳಗೆ ಮಲಗಿದ್ದಾಗ ಮೇಡಂನ ಕೇಳ್ದೆ, ಏನಾದ್ರೂ ತೊಂದ್ರೆ ಇದೆಯಾ ಅಂತ. ಅವರೇ ಹೇಳಿದ್ರು."

ವ್ಯಾಪಾರ ಅಲ್ಲೇ ಕುದುರಿತು. ಕಾರು ಕುಸುಮಳ ಹೆಸರಿಗೆಂದು ಮಾತಾಯಿತು. ಮಾರಾಟದ ಕಾಗದಕ್ಕೆ ಸಾಕ್ಷಿಯಾಗಿ ತಾನು ಸಹಿ ಹಾಕುವೆನೆಂದು ರವಿಚಂದ್ರ ಪೆನ್ನು ತೆಗೆದ. ಪ್ರೇಮಮ್ಮನವರು ಕ್ಷಣ ಯೋಚಿಸಿ, ಎದುರುಮನೆಯ ಮಂಟಯ್ಯನವರನ್ನು ಕೂಗಿ ಕರೆದರು. ಮಂಟಯ್ಯನವರು ಬಂದು ಸಹಿ ಹಾಕಿ, ಗ್ರೀಸು ಮೆತ್ತಿದ ರವಿಚಂದ್ರನನ್ನು ದಿಟ್ಟಿಸಿ, ಇವರು ಯಾರೆಂದು ವಿಚಾರಿಸಿದರು.

"ಕಾರು ತಗೊಂಡವರ ಯಜಮಾನರು," ಎಂದರು ಪ್ರೇಮಮ್ಮ. ಆಮೇಲೆ ದನಿ ತಗ್ಗಿಸಿದರು. "ನಾನು ಒಳಗಿಂದ ಇನ್ನೊಂದು ಕೀ ತರ್ತೀನಿ. ಅಲ್ಲೀವರೆಗೂ ಸ್ವಲ್ಪ ನೋಡ್ಕೊಂಡಿರಿ."

ಮಂಟಯ್ಯನವರು ಪಂಚೆ ಎತ್ತಿಕಟ್ಟಿ, ಜಗಲಿಯ ಮೇಲೆ ಅವನಿಗೆ ಒತ್ತಿಕೊಂಡೇ ಕೂತರು.