ಮಾಸ್ತರರ ಕೈಯೊಳಗಿನ ಮುಖಪುಟ

ಪ್ರಚಲಿತ ವಿದ್ಯಮಾನ ಓದುತ್ತೇನೆ ಎಂದು ಹಟ ಹಿಡಿದು ಕೂತವರಿಗೆ ನಮ್ಮ ಕಡೆ ದಿನಕ್ಕೊಂದು ಫಜೀತಿ ತಪ್ಪಿದ್ದಲ್ಲ. ನಾನು ಮೂರು ವರ್ಷ ಕೂತವಳು. ಬ್ಯಾಡಗಿಯಲ್ಲಿ ಅಪ್ಪನದು ಮೆಣಸಿನಕಾಯಿ ಅಂಗಡಿ. ನನಗೆ ಸೈನ್ಯದಲ್ಲಿ ಅಧಿಕಾರಿಯಾಗಬೇಕು. ಲಿಖಿತ ಪರೀಕ್ಷೆಯಲ್ಲಿ ಎರಡು ಸಲ ಸಾಮಾನ್ಯ ಜ್ಞಾನದಲ್ಲೇ ಮುಗ್ಗರಿಸಿದ್ದೆ. ವಯಸ್ಸಿನ ಮಿತಿ ನೋಡಿದರೆ ಉಳಿದದ್ದು ಇನ್ನೊಂದೇ ಸಲ. ಅದೂ ಹೋದರೆ ನಾನು ಬಿ.ಇಡಿ. ಮಾಡಬೇಕು ಎಂದು ಸೋದರತ್ತೆ ತೀರ್ಮಾನಿಸಿ, ಅರ್ಜಿಯನ್ನೂ ತಂದು ದೇವರ ಫೋಟೋದ ಹಿಂದೆ ಸಿಕ್ಕಿಸಿ ಹೋಗಿದ್ದರು. ದಿನಾ ದೇವರಿಗೆ ಕೈ ಮುಗಿದು, ಅರ್ಜಿಯನ್ನು ದುರುಗುಟ್ಟಿ ನೋಡಿ ಓದಲು ಕೂರುತ್ತಿದ್ದೆ.

ಸುದ್ದಿಯ ಮೂಲ

ರಾಣೇಬೆನ್ನೂರಿನಲ್ಲಿ ಭಾನುವಾರ ನನ್ನ ಕೋಚಿಂಗ್ ಕ್ಲಾಸು. ಪ್ರತಿಯೊಬ್ಬರೂ ಎದ್ದು ನಿಂತು ವಾರದ ಒಂದು ಸುದ್ದಿ ಹೇಳಬೇಕು, ಅದರ ಮೂಲವನ್ನೂ ಹೇಳಬೇಕು ಎಂಬುದು ಅಲ್ಲಿನ ಸರ್ ಮಾಡಿದ ನಿಯಮ. ಆಗ ನಾನು ಎಲ್ಲವನ್ನೂ ಮೊಬೈಲಿನಲ್ಲೇ ಓದುತ್ತಿದ್ದೆ. ಒಂದು ಭಾನುವಾರ ಬೆಳಿಗ್ಗೆ ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಭರ್ಜರಿ ಸುದ್ದಿ ಬಂದಿತ್ತು. ಹಿಮದ ಗಡಿಯಲ್ಲಿ ಕಾವಲಿರುವ ಸೈನಿಕರ ಕಾಲು ಬೆಚ್ಚಗಿರಲಿ ಎಂದು ಇನ್ನು ಮುಂದೆ ಅವರ ಕಾಲುಚೀಲದಲ್ಲಿ ಬ್ಯಾಡಗಿ ಮೆಣಸಿನಪುಡಿ ಹಾಕಿ ಕೊಡುತ್ತಾರಂತೆ. ಬೇರೆ ಊರಿನವರಾಗಿದ್ದರೆ ಒಂದು ಕ್ಷಣ ಯೋಚಿಸುತ್ತಿದ್ದರು. ನಮ್ಮೂರ ಮೆಣಸಿನಕಾಯಿ ಎಂದಮೇಲೆ ಯೋಚಿಸುವುದೇನು? ಎದೆಯುಬ್ಬಿಸಿ ಹೇಳಿದೆ.

ಸರ್ ಕನ್ನಡಕ ತೆಗೆದು, ಮೂಲ ಯಾವುದು ಎಂದು ಕೇಳಿದರು.

"ನಮ್ಮತ್ತಿ ರೀ" ಎಂದೆ.

ಕ್ಲಾಸು ಬಿದ್ದು ಬಿದ್ದು ನಕ್ಕಿತು. ನನಗೆ ಸಿಟ್ಟು ನೆತ್ತಿಗೇರಿತು. ಇನ್ನು ಮುಂದೆ ಅಚ್ಚಾದ ಪೇಪರನ್ನೇ ಓದುತ್ತೇನೆ, ಆಮೇಲೆ ಯಾರು ನಗುತ್ತೀರೋ ನೋಡುತ್ತೇನೆ ಎಂದು ಎಲ್ಲರೆದುರೇ ಹೇಳಿ ಕೂತೆ. ಮನೆಗೆ ಬಂದು ಅತ್ತೆಗೆ ಫೋನು ಹಚ್ಚಿ ತರಾಟೆಗೆ ತೆಗೆದುಕೊಂಡೆ. ಅತ್ತೆ ಒಂದಿಷ್ಟೂ ಅಲುಗಾಡಲಿಲ್ಲ.

"ಹನ್ನೊಂದು ಗ್ರೂಪಿನ್ಯಾಗ ಬಂದೈತಿ. ಸುಳ್ಳಾಗಿದ್ರ ಒಂದರಾಗ ಬರ್ತಿತ್ತು" ಎಂದರು.

ಕೆಂಪು ಹೆಬ್ಬೆರಳು

ಬೆಳಿಗ್ಗೆ ಅಂಗಡಿಯಲ್ಲಿ ಅಪ್ಪನ ಜೊತೆ ಮೆಣಸಿನಕಾಯಿ ಆರಿಸಿ, ಆಮೇಲೆ ಬಸ್ಸು ಹಿಡಿದು ಹಾವೇರಿಯ ಒಂದು ವಾಚನಾಲಯಕ್ಕೆ ಹೋಗತೊಡಗಿದೆ. ಅದನ್ನು ನೋಡಿಕೊಳ್ಳುವವರು ಬಲು ಶಿಸ್ತಿನ ಮನುಷ್ಯ. ಪೇಪರು ಬಾಗಿಲು ದಾಟಿ ಹೊರಗೆ ಹೋಗಬಾರದು, ಮಡಿಕೆ ಕೆಡಬಾರದು. ತಪ್ಪು ಮಾಡಿದವರ ಹೆಸರನ್ನು ಗೋಡೆಯ ಕರಿಹಲಗೆಯ ಮೇಲೆ ಬರೆಯುತ್ತಿದ್ದರು. ನಾನು ಹೋಗತೊಡಗಿದ ಎರಡನೇ ವಾರಕ್ಕೆ ವಾಚನಾಲಯದಲ್ಲಿ ಸೀನು ಶುರುವಾಯಿತು. ಪೇಪರು ಬಿಚ್ಚಿದವರೆಲ್ಲ ಅಕ್ಷಿ, ಅಕ್ಷಿ. ವಾಚನಾಲಯದವರು ತನಿಖೆ ನಡೆಸಿ ಪುಟಗಳ ಮೂಲೆಯಲ್ಲಿ ಕೆಂಪು ಹೆಬ್ಬೆರಳಿನ ಗುರುತು ಹಿಡಿದರು. ಎಲ್ಲರ ಕೈ ನೋಡುತ್ತ ನನ್ನ ಮುಂದೆ ಬಂದು ನಿಂತರು.

ನಾನೇನೂ ತಲೆ ತಗ್ಗಿಸಲಿಲ್ಲ. "ಹೌದ್ರಿ, ನಂದ ಹೆಬ್ಬಟ್ಟು. ದುಡಿಯೋ ಕೈ ಇದು, ಎಷ್ಟು ತೊಳದ್ರೂ ಹೋಗೂದಿಲ್ಲ. ಯಾವ ಪುಟದಾಗ ಅದಾವು ನೋಡ್ರಿ. ರಕ್ಷಣಾ, ವಿದೇಶ, ಸಂಸತ್ತು. ಓದಾಕ ಬಂದೇನಿ, ಟೈಮ್‌ಪಾಸ್ ಮಾಡಾಕಲ್ಲ" ಎಂದು ಇಡೀ ವಾಚನಾಲಯಕ್ಕೆ ಕೇಳುವಂತೆ ಹೇಳಿದೆ. ಓದುತ್ತಿದ್ದ ಹಿರಿಯರೆಲ್ಲ ತಲೆದೂಗಿದರು. ವಾಚನಾಲಯದವರೂ ಮೆತ್ತಗಾಗಿ ಒಂದೊಂದೇ ಪುಟ ತಿರುವುತ್ತ ಹೋದರು.

ಸಿನಿಮಾ ಪುಟದಲ್ಲಿ ನಾಲ್ಕು ಹೆಬ್ಬೆಟ್ಟಿದ್ದವು.

ಮೂವತ್ತೊಂದನೆಯ ಜಿಲ್ಲೆ

ಸಿನಿಮಾ ಪುಟ ಸುಲಭವಾಗಿ ಸಿಗುತ್ತಿತ್ತು. ಸಿಗದೇ ಇದ್ದದ್ದು ಮುಖಪುಟ. ಅದು ಒಬ್ಬ ನಿವೃತ್ತ ಭೂಗೋಳ ಮಾಸ್ತರರ ಸ್ವತ್ತು. ಬಾಗಿಲು ತೆರೆಯುವ ಮೊದಲೇ ಬಂದು, ಮೊದಲ ಹಾಳೆಯನ್ನು ಬೇರೆ ಮಾಡಿಕೊಂಡು, ಕಿಟಕಿಯ ಪಕ್ಕ ಕೂತರೆ ಮುಗಿಯಿತು. ಕೇಳಿದಾಗೆಲ್ಲ, ಹೆಣ್ಣುಮಗಳಿಗೆ ಗಡಿಯ ಸುದ್ದಿ ಯಾಕೆ, ಬಿ.ಇಡಿ. ಮಾಡಿ ಶಾಲೆ ಸೇರು ಎನ್ನುವರು. ನಮ್ಮತ್ತೆಯೇ ಇವರನ್ನು ಕಳಿಸಿದ್ದಾರೇನೋ ಎಂಬ ಅನುಮಾನ ಬರುತ್ತಿತ್ತು. ಕೊನೆಗೆ ಒಂದು ಒಪ್ಪಂದವಾಯಿತು. ದಿನಾ ಅವರು ಒಂದು ಪ್ರಶ್ನೆ ಕೇಳಬೇಕು, ಸರಿಯುತ್ತರ ಹೇಳಿದರೆ ಅರ್ಧ ಗಂಟೆಯ ನಂತರ ಮುಖಪುಟ ನನ್ನದು.

ಮೊದಲ ದಿನ ಕರ್ನಾಟಕದಲ್ಲಿ ಎಷ್ಟು ಜಿಲ್ಲೆ ಎಂದು ಕೇಳಿದರು. ಮೂವತ್ತೊಂದು ಎಂದೆ. ತಪ್ಪು, ಮೂವತ್ತು ಎಂದರು. ಜನ್ಮವಿಡೀ ಭೂಗೋಳ ಕಲಿಸಿದವರಿಗೆ ಎದುರು ಹೇಳುವುದು ಹೇಗೆ ಎನಿಸಿತು. ಆದರೆ ಎರಡು ಸಲ ಫೇಲಾದವಳಿಗೆ ಸರಿಯುತ್ತರದ ಬೆಲೆ ಗೊತ್ತಿರುತ್ತದೆ. ಬಿಡಲಿಲ್ಲ. ವಿಜಯನಗರವೂ ಸೇರಿ ಮೂವತ್ತೊಂದು ಎಂದು ಗೋಡೆಯ ನಕ್ಷೆಯ ಮುಂದೆ ನಿಂತು ವಾದಿಸಿದೆ.

"ಆ ಸುದ್ದಿ ಯಾವಾಗ ಬಂತು?" ಎಂದು ಕೇಳಿದರು.

"ನೀವು ಹಿಡಕೊಂಡು ಕುಂತ ಪುಟದಾಗ ಬಂದಿತ್ರಿ ಸರ್. ಪೇಪರ್ ಹಿಡದ್ರ ಆಗೂದಿಲ್ರಿ, ಓದಬೇಕು" ಎಂದೆ.

ಮಾಸ್ತರರಿಗೆ ಮಾತು ನಾಟಿತು. ಮರುದಿನದಿಂದ ನಿಜವಾಗಿ ಓದತೊಡಗಿದರು. ಮುಖಪುಟ ನನ್ನ ಕೈಗೆ ಬರಲು ಅರ್ಧ ಗಂಟೆಯ ಬದಲು ಒಂದೂವರೆ ಗಂಟೆ ಹಿಡಿಯತೊಡಗಿತು.

ಬಡ್ತಿ

ಹೀಗೆ ಕಾದು, ಕಿತ್ತಾಡಿ, ಸೀನಿ ಓದಿದ ಮೇಲೆ ಕೊನೆಯ ಸಲದ ಪರೀಕ್ಷೆ ಬರೆದೆ. ಫಲಿತಾಂಶದ ಪಟ್ಟಿಯಲ್ಲಿ ನನ್ನ ನಂಬರನ್ನು ಏಳು ಸಲ ನೋಡಿದೆ. ಪಾಸಾಗಿದ್ದೆ. ಅಂಗಡಿಗೆ ಓಡಿಹೋಗಿ ಹೇಳಿದಾಗ ಅಪ್ಪ ಕಣ್ಣೊರೆಸಿಕೊಂಡ. ನನಗೂ ಅಳು ಬಂತು. ನೋಡಿದವರು ಮೆಣಸಿನಕಾಯಿ ಘಾಟು ಅಂದುಕೊಂಡರು, ನಾವೂ ಅದನ್ನೇ ಹೇಳಿದೆವು.

ಇನ್ನು ಸಂದರ್ಶನವೊಂದು ಬಾಕಿ ಎಂದು ಅತ್ತೆಗೆ ಬಿಡಿಸಿ ಬಿಡಿಸಿ ಹೇಳಿದೆ. ಹನ್ನೊಂದು ಗ್ರೂಪಿಗೂ ಸುದ್ದಿ ಹೋಯಿತು. ಸಂಜೆಯ ಹೊತ್ತಿಗೆ ಓಣಿಯವರು ಹಾರ ಹಿಡಿದು ಬಾಗಿಲಿಗೆ ಬಂದರು. ಅತ್ತೆಯ ಪ್ರಕಾರ ನಾನಾಗಲೇ ಕರ್ನಲ್ ಆಗಿ ಗಡಿ ಸೇರಿದ್ದೆ. ಹಾಗಿದ್ದರೆ ಮನೆಯಲ್ಲಿ ಕಸ ಗುಡಿಸುತ್ತಿರುವ ನೀನು ಯಾರು ಎಂದು ಪಕ್ಕದ ಮನೆಯ ಅಜ್ಜಿ ನನ್ನನ್ನೇ ಕೇಳಿದರು.

ಅಪ್ಪ ಮಾತ್ರ ಸದ್ದಿಲ್ಲದೆ ದೇವರ ಫೋಟೋದ ಹಿಂದಿನಿಂದ ಬಿ.ಇಡಿ. ಅರ್ಜಿ ತೆಗೆದ. ಅದರಲ್ಲಿ ಎರಡು ಹಿಡಿ ಒಳ್ಳೆಯ ಮೆಣಸಿನಕಾಯಿ ಕಟ್ಟಿ ಅತ್ತೆಗೇ ಕಳಿಸಿದ.

ಸಂಜೆಯೊಳಗೆ ವಾಪಸ್

ಸಂದರ್ಶನ ಇದ್ದದ್ದು ಉತ್ತರದ ಯಾವುದೋ ದೂರದ ಊರಲ್ಲಿ, ಐದು ದಿನ. ಹಾವೇರಿ ಸ್ಟೇಷನ್ನಿನಲ್ಲಿ ಅಪ್ಪನ ಜೊತೆ ನಿಂತಿದ್ದಾಗ ವಾಚನಾಲಯದವರು ಓಡುತ್ತ ಬಂದರು. ಅತ್ತಿತ್ತ ನೋಡಿ, ಅಂಗಿಯೊಳಗಿನಿಂದ ಅಂದಿನ ಪೇಪರು ತೆಗೆದು ನನ್ನ ಕೈಗಿಟ್ಟರು. ಮೊಟ್ಟಮೊದಲ ಬಾರಿಗೆ ಪೇಪರು ಬಾಗಿಲು ದಾಟಿತ್ತು.

"ಸಂಜೀಯೊಳಗ ವಾಪಸ್ ಬರಬೇಕು. ರೂಲ್ ಅಂದ್ರ ರೂಲ್" ಎಂದರು.

"ತರೂದಿಲ್ರಿ. ಹಲಗಿ ಮ್ಯಾಲೆ ನನ್ನ ಹೆಸರು ಬರೀರಿ, ದೊಡ್ಡದಾಗಿ ಬರೀರಿ" ಎಂದು ರೈಲು ಹತ್ತಿದೆ.

ಕೂತು ಪೇಪರು ಬಿಚ್ಚಿದರೆ ಅದು ಮೂರನೇ ಪುಟದಿಂದ ಶುರುವಾಗಿತ್ತು. ಅಷ್ಟರಲ್ಲಿ ಫೋನು ಬಂತು. ಮಾಸ್ತರರು.

"ಯವ್ವಾ, ಮುಖಪುಟ ನನ್ನ ಕಡೆ ಐತಿ. ಓದೂದು ಇನ್ನೂ ಮುಗದಿಲ್ಲ. ಓದಿ ಹೇಳ್ತೀನಿ, ಬರಕೋ" ಎಂದರು.

ಹುಬ್ಬಳ್ಳಿ ಬರುವ ತನಕ ಒಂದಕ್ಷರ ಬಿಡದೆ ಓದಿದರು. ನಾನು ತೊಡೆಯ ಮೇಲೆ ನೋಟ್‌ಬುಕ್ಕು ಇಟ್ಟುಕೊಂಡು ಬರೆದೆ. ಕೊನೆಗೆ ಒಪ್ಪಂದದ ಪ್ರಕಾರ ಪ್ರಶ್ನೆ ಕೇಳಿದರು, ಕರ್ನಾಟಕದಲ್ಲಿ ಎಷ್ಟು ಜಿಲ್ಲೆ? ಮೂವತ್ತೊಂದು ಎಂದೆ.

"ಬರೋಬ್ಬರಿ. ಈಗ ಮುಖಪುಟ ನಿಂದು. ಬಂದು ತಗೊಂಡು ಹೋಗು" ಎಂದರು.